ಬೆರೆತ ಸಂಕೇತಗಳನ್ನು ಬಿಡಿಸುವ ಗಣಿತ

ಹೊಳೆಹೊನ್ನೂರಿಗೆ ಸಮೀಪದ ಕೂಡ್ಲಿಯಲ್ಲಿ ತುಂಗೆಯೊಡನೆ ಬೆರೆತ ಭದ್ರೆಯ ನೀರನ್ನು ಮತ್ತೆ ಬೇರ್ಪಡಿಸಲಾಗದು. ಆದರೆ ಒಂದರೊಳಗೊಂದು ಬೆರೆತ ಧ್ವನಿಗಳನ್ನೋ ವಿದ್ಯುತ್ ಸಂಕೇತಗಳನ್ನೋ ಬಿಡಿಸಿಕೊಡುವ ಸಾಮರ್ಥ್ಯ ಸಂಖ್ಯಾಶಾಸ್ತ್ರಕ್ಕಿದೆ. ಸರಾಸರಿಯು ಸಂಕೇತದ ನಡುಮಟ್ಟವನ್ನೂ ವೇರಿಯೆನ್ಸ್ ಅದರ ಹರಹನ್ನೂ ತಿಳಿಸಿದರೆ, ಮೂರನೆಯ ಘಾತವನ್ನು ಬಳಸುವ ಸ್ಕ್ಯೂನೆಸ್ ಅದು ಯಾವ ಪಕ್ಕಕ್ಕೆ ವಾಲಿದೆಯೆಂಬುದನ್ನೂ, ನಾಲ್ಕನೆಯ ಘಾತದ ಕರ್ಟೋಸಿಸ್ ಅಪರೂಪದ ಭಾರೀ ಏರಿಳಿತಗಳ ಪ್ರಭಾವವನ್ನೂ ಹೇಳುತ್ತವೆ. ಈ ಕೊನೆಯ ಎರಡೇ ಉನ್ನತ ಕ್ರಮಾಂಕದ ಅಳತೆಗಳು.

ಗಂಟೆಯಾಕಾರದ ಗಾಸಿಯನ್ ಹಂಚಿಕೆಯ ಕರ್ಟೋಸಿಸ್ 3. ಯಂತ್ರದಲ್ಲಿ ಸುಸ್ಥಿತಿಯಲ್ಲಿರುವ ಬೇರಿಂಗಿನ ಕಂಪನದ ಕರ್ಟೋಸಿಸ್ ಸಾಮಾನ್ಯವಾಗಿ ಈ ಅಂಕಿಯ ಆಸುಪಾಸಿನಲ್ಲಿರುತ್ತದೆ. ಸಣ್ಣ ಬಿರುಕು ಮೂಡಿದಾಗ ಚುರುಕಾದ ಬಡಿತಗಳು ಸೇರಿ, ಒಟ್ಟು ಕಂಪನ ಹೆಚ್ಚುವ ಮೊದಲೇ ಕರ್ಟೋಸಿಸ್ ಏರಬಹುದು. ಭದ್ರಾವತಿಯಂಥ ಉಕ್ಕಿನ ಊರಿನವರಿಗೆ ಬೇರಿಂಗಿನ ಮಹತ್ವವನ್ನು ಹೇಳಬೇಕಾಗಿಲ್ಲ.

ಬೇರ್ಪಡಿಸುವ ವಿದ್ಯೆ ಇನ್ನೂ ಆಳವಾದುದು. ಇಬ್ಬರ ಮಾತನ್ನು ಎರಡು ಮೈಕುಗಳು ಬೆರಕೆಯಾಗಿ ಹಿಡಿದಾಗ, ಸಂಕೇತಗಳ ನಡುವಣ ಸಹಸಂಬಂಧವನ್ನು ಅಳಿಸಿದರೂ ಮೂಲಧ್ವನಿಗಳು ಖಚಿತವಾಗಿ ಸಿಗುವುದಿಲ್ಲ. ಉನ್ನತ ಕ್ರಮಾಂಕದ ಅಳತೆಗಳು ಆ ಕೊರತೆಯನ್ನು ತುಂಬುತ್ತವೆಯಾದರೂ, ಒಂದಕ್ಕಿಂತ ಹೆಚ್ಚು ಮೂಲಗಳು ಗಾಸಿಯನ್ ಆಗಿದ್ದರೆ ಅವೂ ಸೋಲುತ್ತವೆ. ಈ ಎಲ್ಲೆಯ ಹಿಂದಿನ ಗಣಿತವನ್ನು ಬೆಳೆಸಿದವರಲ್ಲಿ, ತುಂಗಭದ್ರೆಯ ಕೆಳಹರಿವಿನ ನಾಡಾದ ಹೂವಿನ ಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಪ್ರಮುಖರು. ಗಣಿತಜ್ಞರಾದ ಕಗಾನ್ ಮತ್ತು ಲಿನ್ನಿಕ್ ಅವರೊಡನೆ ರಾವ್ ಈ ಗಣಿತದ ಬಗ್ಗೆ ಬರೆದ ಗ್ರಂಥ 1973ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. 1994ರಲ್ಲಿ ಪಿಯರ್ ಕೊಮೊನ್ ಈ ಬೇರ್ಪಡಿಕೆಗೆ ಸ್ಪಷ್ಟ ಚೌಕಟ್ಟನ್ನು ಕೊಟ್ಟರು. ಗರ್ಭಿಣಿಯ ಹೊಟ್ಟೆಯ ಮೇಲಿಟ್ಟ ವಿದ್ಯುದಗ್ರಗಳ ಸಂಕೇತದಿಂದ ತಾಯಿಯ ಹೃದಯದ ಬಡಿತವನ್ನು ಸರಿಸಿ ಶಿಶುವಿನ ಕ್ಷೀಣ ಬಡಿತವನ್ನು ಆರಿಸುವುದು ಈ ವಿದ್ಯೆಯ ಅತ್ಯಂತ ಬೆಲೆಯುಳ್ಳ ಬಳಕೆಗಳಲ್ಲೊಂದು.