ಮಾನಸಗಂಗೋತ್ರಿಯ ವೀಣೆಗೆ ಕೊಡಗಿನ ಮೇಣ

ಮಡಿಕೇರಿಯಿಂದ ಹೊರಟ ಬಸ್ಸು ಇಲವಾಲ, ಹಿನಕಲ್ ದಾಟಿ ಪಡುವಾರಹಳ್ಳಿ ಸಮೀಪಿಸುತ್ತಿದ್ದಂತೆ ಹಿಂದಿನ ಸೀಟುಗಳಿಂದ ಒಂದಷ್ಟು ಹುಡುಗ ಹುಡುಗಿಯರು ಬ್ಯಾಗು ಹೆಗಲಿಗೇರಿಸಿ ಎದ್ದು ನಿಲ್ಲುತ್ತಾರೆ. ಹೆಚ್ಚಿನವರು ವಿಜ್ಞಾನವನ್ನೋ ವಾಣಿಜ್ಯವನ್ನೋ ಓದುವವರು. ಅಪರೂಪಕ್ಕೆ ಒಬ್ಬರ ಕೈಯಲ್ಲಿ ಪಿಟೀಲಿನ ಪೆಟ್ಟಿಗೆ ಇರುತ್ತದೆ. ಕೊಡಗಿನಲ್ಲಿ ಮನೆಪಾಠದ ಸಂಗೀತಕ್ಕೆ ಕೊರತೆಯಿಲ್ಲ. ಮಡಿಕೇರಿ, ವಿರಾಜಪೇಟೆ, ಕುಶಾಲನಗರಗಳಲ್ಲಿ ಸಂಜೆಯಾದರೆ ಸರಳೆ ವರಸೆ ಕೇಳಿಸುವ ಮನೆಗಳು ಸಿಗುತ್ತವೆ, ಜೂನಿಯರ್ ಸೀನಿಯರ್ ಪರೀಕ್ಷೆ ಕಟ್ಟುವ ಮಕ್ಕಳಿದ್ದಾರೆ. ಆದರೆ ಸಂಗೀತವನ್ನೇ ಪದವಿಯಾಗಿ ಓದಬೇಕು, ಅದೂ ಕಛೇರಿ ಮಾಡುವ ವಿದ್ವಾಂಸರ ಕೈಯಲ್ಲೇ ಕಲಿಯಬೇಕು ಎಂದು ಹಟ ಹಿಡಿದವರು ಘಟ್ಟ ಇಳಿದು ಮೈಸೂರಿಗೇ ಬರಬೇಕು. ಅವರ ದಾರಿ ಹಿಡಿದು ನೋಡೋಣ ಎಂದು ಮಾನಸಗಂಗೋತ್ರಿಯ ಲಲಿತಕಲಾ ಕಾಲೇಜಿಗೆ ಹೋಗಿದ್ದೆ.

ಅಲ್ಲಿ ಮೊದಲು ಆಗುವುದು ಕಿವಿಗೆ ಗಲಿಬಿಲಿ. ಒಂದು ಕೋಣೆಯಲ್ಲಿ ಮಾಯಾಮಾಳವಗೌಳದ ಜಂಟಿ ವರಸೆ, ಪಕ್ಕದ್ದರಲ್ಲಿ ಭೈರವಿಯ ಅಟ್ಟತಾಳ ವರ್ಣ, ಅದರಾಚೆ ಮೃದಂಗದ ತ ಧಿ ತೊಂ ನಂ. ಶ್ರುತಿಗಳೂ ಬೇರೆ ಬೇರೆ. ಹುಡುಗಿಯರಿಗೆ ಐದು ಮನೆ, ಐದೂವರೆ ಮನೆ, ಹುಡುಗರಿಗೆ ಒಂದು ಮನೆ, ಒಂದೂವರೆ ಮನೆ. ಹೊಸಬರಿಗೆ ಇದು ಸಂತೆಯ ಗದ್ದಲ. ಅಲ್ಲೇ ಇರುವವರಿಗೆ ಹಾಗಲ್ಲ. ಬಾಗಿಲ ಹೊರಗೆ ನಿಂತಿದ್ದ ಅಧ್ಯಾಪಕರೊಬ್ಬರು ನನ್ನೊಡನೆ ಮಾತಾಡುತ್ತಲೇ ಒಳಗಿನ ಗುಂಪಿನಲ್ಲಿ ಒಬ್ಬಳ ಗಾಂಧಾರ ಇಳಿದದ್ದನ್ನು ಹಿಡಿದು, ತಲೆಯಷ್ಟೇ ಒಳಗೆ ಹಾಕಿ "ಗಾಂಧಾರ ನೋಡ್ಕೊಳಮ್ಮ" ಎಂದು ಹೇಳಿ ಮತ್ತೆ ಮಾತಿಗೆ ಬಂದರು.

ಇನ್ನು ಚರಿತ್ರೆ. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಕುವೆಂಪು ಕುಲಪತಿಗಳಾಗಿದ್ದಾಗ ಕುಕ್ಕರಹಳ್ಳಿ ಕೆರೆಯ ಆಚೆ ಮಾನಸಗಂಗೋತ್ರಿ ಎದ್ದಿತು. 1965ರಲ್ಲಿ ಇದೇ ಕಾಲೇಜು ಸಂಗೀತ ಮತ್ತು ನೃತ್ಯದ ಕಾಲೇಜಾಗಿ ಶುರುವಾಯಿತು, ಗಾಯಕ ವಿ. ರಾಮರತ್ನಂ ಅದರ ಮೊದಲ ಪ್ರಾಂಶುಪಾಲರು. ವೀಣೆಯ ಆರ್.ಎನ್. ದೊರೆಸ್ವಾಮಿ ಅವರಂಥವರು ಇಲ್ಲಿ ಪಾಠ ಹೇಳಿದರು. ಆ ಹೊತ್ತಿಗೆ ನಮ್ಮ ಮಡಿಕೇರಿಯ ಕಾಲೇಜೂ ಇದೇ ವಿಶ್ವವಿದ್ಯಾನಿಲಯದ ತೆಕ್ಕೆಯಲ್ಲಿತ್ತು ಎಂಬುದನ್ನು ಕೊಡಗಿನವರು ನೆನಪಿಡಬೇಕು. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಬಂದಮೇಲೆ ನಾವು ಆ ಕಡೆ ಹೊರಳಿದೆವು. ಮೈಸೂರಿನಲ್ಲಿ ಸಂಗೀತಕ್ಕೆಂದೇ ಗಂಗೂಬಾಯಿ ಹಾನಗಲ್ ಹೆಸರಿನ ಪ್ರತ್ಯೇಕ ವಿಶ್ವವಿದ್ಯಾಲಯವೂ ಈಗ ಇದೆ. ಉಳಿದದ್ದಕ್ಕೆ ಕೈಪಿಡಿ ಓದಿಕೊಳ್ಳಬಹುದು.

ಕೈಪಿಡಿಗಳಲ್ಲಿ ಒಂದೆರಡು ಸಾಲಿಗೆ ಮುಗಿದುಬಿಡುವ ಒಂದು ಹೆಸರಿನ ಮುಂದೆ ಮಾತ್ರ ಸ್ವಲ್ಪ ನಿಲ್ಲಬೇಕು. 1965ರಲ್ಲಿ ನೃತ್ಯ ವಿಭಾಗದ ರೀಡರ್ ಆಗಿ ಬಂದವರು ಕೆ. ವೆಂಕಟಲಕ್ಷಮ್ಮ. ಕಡೂರು ಕಡೆಯ ತಾಂಡಾವೊಂದರಲ್ಲಿ 1906ರಲ್ಲಿ ಹುಟ್ಟಿದ ಲಂಬಾಣಿ ಹೆಣ್ಣುಮಗಳು. ಜಟ್ಟಿ ತಾಯಮ್ಮನವರ ಶಿಷ್ಯೆ, ದಶಕಗಳ ಕಾಲ ಮೈಸೂರು ಅರಮನೆಯ ಆಸ್ಥಾನ ನರ್ತಕಿ. ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಿದಾಗ ಅವರಿಗೆ 59 ವರ್ಷ ಸಮೀಪಿಸಿತ್ತು. ಇತರರು ನಿವೃತ್ತಿಯಾಗುವ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿ 1974ರವರೆಗೆ ಪಾಠ ಹೇಳಿದರು. ಅವರಿಗೆ ಆ ಕುರ್ಚಿ ಕೊಡಿಸಿದ್ದು ಪದವಿಯ ಕಾಗದವಲ್ಲ, ಅವರ ಅಭಿನಯ. 1992ರಲ್ಲಿ ಪದ್ಮಭೂಷಣವೂ ಬಂತು. ಧಾರವಾಡದಲ್ಲೂ ಹೀಗೇ ಆಯಿತು. ಪ್ರಾಥಮಿಕ ಶಾಲೆಗೇ ಓದು ನಿಲ್ಲಿಸಿದ ಗಂಗೂಬಾಯಿ ಹಾನಗಲ್ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಪ್ರಾಧ್ಯಾಪಕಿಯಾದರು. ಆ ಕಾಲದ ಕುಲಪತಿಗಳಿಗೆ ಧೈರ್ಯವಿತ್ತು ಎನ್ನಬೇಕು.

ಈಗ ಅಂಥ ಧೈರ್ಯ ಮಾಡಲು ಬರುವುದಿಲ್ಲವೇ? ನಿಯಮ ಪೂರ್ತಿ ಅಡ್ಡ ಬರುವುದಿಲ್ಲ. ಯುಜಿಸಿಯ 2018ರ ನಿಯಮಾವಳಿ ಸಂಗೀತ, ನೃತ್ಯ ವಿಭಾಗಗಳಿಗೆ ಎರಡು ಬಾಗಿಲು ತೆರೆದಿಟ್ಟಿದೆ. ಒಂದು ಎಲ್ಲರಿಗೂ ಗೊತ್ತಿರುವ ಸ್ನಾತಕೋತ್ತರ ಪದವಿ ಮತ್ತು ಎನ್‌ಇಟಿಯ ಬಾಗಿಲು. ಇನ್ನೊಂದು ಹೆಸರಾಂತ ಗುರುವಿನ ಬಳಿ ಕಲಿತ, ಆಕಾಶವಾಣಿ ದೂರದರ್ಶನಗಳ ಉನ್ನತ ಶ್ರೇಣಿ ಪಡೆದ ವೃತ್ತಿ ಕಲಾವಿದರಿಗೆ. ಎರಡನೆಯ ಬಾಗಿಲಿನಲ್ಲಿ ಓಡಾಟ ಕಡಿಮೆ. ಅರ್ಜಿ ಪರಿಶೀಲಿಸುವ ಗುಮಾಸ್ತರಿಗೆ ಅಂಕಪಟ್ಟಿ ಎಣಿಸುವುದು ಸುಲಭ, ತೋಡಿಯ ಆಲಾಪನೆಯನ್ನು ಎಣಿಸುವುದು ಹೇಗೆ?

ಆದರೂ ವೇದಿಕೆಯ ವಿದ್ವಾಂಸರು ಈ ಕಾಲೇಜಿಗೆ ತಪ್ಪಿಲ್ಲ. ಕೊಳಲಿನ ಸಿ.ಎ. ಶ್ರೀಧರ, ಗಾಯಕಿ ಆರ್.ಎನ್. ಶ್ರೀಲತಾ ಇಲ್ಲಿ ಪಾಠ ಹೇಳಿದವರು. ಅಣ್ಣ ನಾಗರಾಜರೊಂದಿಗೆ ದೇಶವಿದೇಶಗಳಲ್ಲಿ ಪಿಟೀಲು ನುಡಿಸುವ ಮೈಸೂರು ಮಂಜುನಾಥ್ ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು. ಅಣ್ಣತಮ್ಮಂದಿರಿಬ್ಬರಿಗೂ ಮೊದಲ ಗುರು ತಂದೆ ಎಸ್. ಮಹದೇವಪ್ಪ. ಮನೆಯ ಗುರುಕುಲದಲ್ಲಿ ಬೆಳೆದವರು ಹಾಜರಿ ಪುಸ್ತಕದ ಶಾಲೆಯಲ್ಲಿ ಪಾಠ ಹೇಳುವಾಗ ಎರಡು ಲೋಕಗಳನ್ನು ಕೂಡಿಸಬೇಕಾಗುತ್ತದೆ.

ಆ ಕೂಡಿಕೆ ಸುಲಭವಲ್ಲ ಎಂದು ಅಲ್ಲಿ ಮಾತಿಗೆ ಸಿಕ್ಕ ಅಧ್ಯಾಪಕರೆಲ್ಲರೂ ಒಂದಲ್ಲ ಒಂದು ರೀತಿಯಲ್ಲಿ ಹೇಳಿದರು. ಸಹಾಯಕ ಪ್ರಾಧ್ಯಾಪಕರೆಂದರೆ ವಾರಕ್ಕೆ 16 ಗಂಟೆ ಪಾಠ, ಮೇಲೆ ಮೌಲ್ಯಮಾಪನ, ಸಭೆ, ವರದಿ. ರಾತ್ರಿ ಕಛೇರಿ ಮುಗಿಸಿ ರೈಲು ಹತ್ತಿ ಬೆಳಿಗ್ಗೆ ತರಗತಿಗೆ ನೆಟ್ಟಗೆ ಬರುವುದು ಅವರಿಗೆ ಮಾಮೂಲು. ಡಿಸೆಂಬರ್ ಬಂತೆಂದರೆ ಚೆನ್ನೈ ಸೀಸನ್, ಇತ್ತ ಸೆಮಿಸ್ಟರಿನ ತರಾತುರಿ. ಮೊದಲ ವರ್ಷದವರಿಗೆ ಅಲಂಕಾರ ಹೇಳಿಕೊಡುತ್ತಾ ಕೂತರೆ ತನ್ನ ಸಾಧನೆ ಯಾವಾಗ ಎಂಬ ಚಿಂತೆ, ಸಾಧನೆಗೆ ಕೂತರೆ ಮಕ್ಕಳ ಪಾಠ ಹಿಂದುಳಿಯಿತಲ್ಲ ಎಂಬ ಅಳುಕು. ಇದು ಕಾಯಂ ಹುದ್ದೆಯಲ್ಲಿ ಇರುವವರ ಮಾತಾಯಿತು. ರಾಜ್ಯದ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಾಗಿ ದುಡಿಯುವ ಸಂಗೀತಗಾರರದು ಇನ್ನೊಂದು ಬಗೆ. ಕಛೇರಿ ಒಪ್ಪಿಕೊಂಡರೆ ತರಗತಿಯ ಸಂಭಾವನೆ ಕೈತಪ್ಪಬಹುದು, ಬಿಟ್ಟರೆ ಹೆಸರೇ ಮರೆತುಹೋಗಬಹುದು. ಸಂಗೀತಕ್ಕೆ ಸರ್ಕಾರ ಕೊಡುವ ಪ್ರಶಸ್ತಿಗಳ ಪಟ್ಟಿ ಉದ್ದವಾಗಿದೆ. ಹುದ್ದೆಗಳ ಪಟ್ಟಿಯೂ ಅಷ್ಟು ಉದ್ದವಿದ್ದರೆ ಚೆನ್ನಾಗಿತ್ತು.

ಇಷ್ಟರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದವರು ವಿದ್ವಾಂಸರಲ್ಲ, ವೀಣೆ ರಿಪೇರಿಯವರು. ಅರವತ್ತು ದಾಟಿದ ವಯಸ್ಸು, ತೋಳು ಮಡಿಸಿದ ಬಿಳಿ ಅಂಗಿ, ಉಗುರಿನ ಸಂದಿಯಲ್ಲಿ ಕಪ್ಪು ಮೇಣ. ಜಮಖಾನೆಯ ಮೇಲೆ ಒಂದು ವೀಣೆಯನ್ನು ಮಲಗಿಸಿ, ತಂತಿಗಳನ್ನೆಲ್ಲ ಬಿಚ್ಚಿ ಮೇಳ ಕಟ್ಟಲು, ಎಂದರೆ ಮೆಟ್ಟಿಲುಗಳನ್ನು ಹೊಸದಾಗಿ ಕೂರಿಸಲು, ಕೂತಿದ್ದರು. ನಾನು ಮಡಿಕೇರಿಯವನು ಎಂದು ತಿಳಿದದ್ದೇ ತಡ, ಕೆಲಸದ ಜೊತೆ ಮಾತೂ ಶುರುವಾಯಿತು.

ವೀಣೆಯ ದಂಡಿಯ ಮೇಲೆ 24 ಮೆಟ್ಟಿಲು. ಹನ್ನೆರಡು ಸ್ವರಸ್ಥಾನಗಳಂತೆ ಎರಡು ಸ್ಥಾಯಿಗೆ ಲೆಕ್ಕ. ಗಿಟಾರಿನ ಹಾಗೆ ಇವನ್ನು ಮರಕ್ಕೆ ಬಡಿದಿರುವುದಿಲ್ಲ, ಮೇಣದ ಎರಡು ಏರಿಗಳ ಮೇಲೆ ಕೂರಿಸಿರುತ್ತಾರೆ. ಜೇನುಮೇಣಕ್ಕೆ ಇದ್ದಿಲ ಪುಡಿ, ಒಂದಿಷ್ಟು ರಾಳ ಸೇರಿಸಿ ಕಾಸಬೇಕು. ಬಿಸಿ ಆರುವ ಮೊದಲು ದಂಡಿಯ ಉದ್ದಕ್ಕೂ ಏರಿ ಕಟ್ಟಿ, ಒಂದೊಂದೇ ಮೆಟ್ಟಿಲು ಇಟ್ಟು, ಮೀಟಿ ಕೇಳಿ, ಕೂದಲೆಳೆಯಷ್ಟು ಆಚೆ ಈಚೆ ಸರಿಸಿ ಒತ್ತಬೇಕು. ಸಾರಣಿಗೆ ಸರಿಹೋದ ಮೆಟ್ಟಿಲು ಪಂಚಮಕ್ಕೂ ಮಂದ್ರಕ್ಕೂ ಅನುಮಂದ್ರಕ್ಕೂ ಸರಿಹೋಗಬೇಕು. ಒಂದರಲ್ಲಿ ಸರಿ ಮಾಡಿದರೆ ಇನ್ನೊಂದರಲ್ಲಿ ಕೆಡುತ್ತದೆ. "ಮಿಷಿನ್ನು ತಂದ್ರು ಸಾರ್, ಫೋನಲ್ಲಿ ಮುಳ್ಳು ತೋರ್ಸುತ್ತೆ. ಮುಳ್ಳು ಸರಿ ಇರುತ್ತೆ, ವೀಣೆ ಅಳ್ತಾ ಇರುತ್ತೆ" ಎಂದು ನಕ್ಕರು. ನಡುನಡುವೆ ಯಾರೋ ವಿದ್ಯಾರ್ಥಿನಿ ಬಂದು "ಅಂಕಲ್, ನನ್ನ ಬಿರಡೆ ಜಾರ್ತಿದೆ" ಎಂದರೆ ಸೀಮೆಸುಣ್ಣ ತೇಯ್ದು ತಿರುಗಿಸಿ ಕೊಡುತ್ತಿದ್ದರು.

ಕೊಡಗಿನ ಮೇಲೆ ಅವರದೊಂದು ಪ್ರೀತಿ, ಒಂದು ದೂರು. ಪ್ರೀತಿ ಮೇಣದ್ದು. ಹಿಂದೆ ವಿರಾಜಪೇಟೆ ಕಡೆಯಿಂದ ಬರುತ್ತಿದ್ದ ತುಡುವೆ ಜೇನಿನ ಮೇಣ ಬೆರಳಿಗೆ ಬೆಣ್ಣೆಯಾಗಿ, ಆರಿದರೆ ಕಲ್ಲಾಗಿ ನಿಲ್ಲುತ್ತಿತ್ತಂತೆ. ಈಗ ಸಿಗುವುದರಲ್ಲಿ ಪ್ಯಾರಾಫಿನ್ ಬೆರಕೆ ಜಾಸ್ತಿ. ಏಪ್ರಿಲ್ ಬಿಸಿಲಿಗೆ ಕಾರಿನಲ್ಲಿ ವೀಣೆ ಬಿಟ್ಟರೆ ಮೆಟ್ಟಿಲುಗಳು ವಾಲಿಬಿಡುತ್ತವೆ. ಇದರ ಹಿಂದಿನ ಕಥೆ ಕೊಡಗಿನವರಿಗೆ ಗೊತ್ತಿರುವುದೇ. 1991ರ ಆಸುಪಾಸಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ನಾಶ ಮಾಡಿತು. ತೋಟದ ಮೂಲೆಗಳಲ್ಲಿ ಜೇನುಪೆಟ್ಟಿಗೆಗಳು ಖಾಲಿಯಾದವು. ಜೇನು ಕಡಿಮೆಯಾದದ್ದರ ಬಗ್ಗೆ ನಾವು ಬಹಳ ಮಾತಾಡಿದೆವು. ಮೇಣಕ್ಕಾಗಿ ಕಾಯುವ ಒಬ್ಬರು ಮೈಸೂರಿನಲ್ಲಿ ಕೂತಿದ್ದಾರೆಂದು ನಮಗಾರಿಗೆ ತೋಚಿತ್ತು?

ದೂರು ಬೀಟೆಯದ್ದು. ತಂಜಾವೂರಿನ ವೀಣೆ ಹಲಸಿನ ಮರದ್ದಾದರೆ ಹಳೆಯ ಮೈಸೂರು ವೀಣೆಗಳಲ್ಲಿ ಬೀಟೆಯ ಕಪ್ಪು ಮೈ ಕಾಣುತ್ತದೆ. ತಂತಿ ಎಳೆಯುವುದಕ್ಕಿಂತ ಬೆರಳನ್ನು ಮೆಟ್ಟಿಲಿಂದ ಮೆಟ್ಟಿಲಿಗೆ ಜಾರಿಸುವ, ಒಂದೊಂದು ಮೀಟೂ ಬಿಡಿಬಿಡಿಯಾಗಿ ಕೇಳುವ ಮೈಸೂರು ಬಾನಿಗೆ ಆ ಮರದ ದನಿ ಒಪ್ಪುತ್ತದೆ ಎನ್ನುವುದು ಅವರ ವಾದ. ಶೇಷಣ್ಣ, ವೆಂಕಟಗಿರಿಯಪ್ಪ, ದೊರೆಸ್ವಾಮಿ ಅಯ್ಯಂಗಾರ್ ಎಂದು ಆ ಬಾನಿಯ ವೈಣಿಕರನ್ನು ಮನೆಯ ಹಿರಿಯರ ಹಾಗೆ ಹೆಸರಿಸಿದರು. "ನಿಮ್ಮೂರಲ್ಲಿ ಬೀಟೆ ಬೇಕಾದಷ್ಟಿದೆ, ನಮಗೊಂದು ತುಂಡು ಸಿಗಲ್ಲ" ಎಂದಾಗ ನಾನು ಕೊಡಗಿನ ಬಾಣೆ ಜಮೀನಿನ ಕಥೆ ಬಿಚ್ಚಬೇಕಾಯಿತು. ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ರಿಡೀಮ್ ಮಾಡಿಕೊಳ್ಳದ ಬಾಣೆಯಲ್ಲಿ ಮರ ಬೆಳೆಸಿದವನಿಗೇ ಮರದ ಹಕ್ಕಿಲ್ಲ, ಸ್ವಂತ ಮನೆಯ ಬಾಗಿಲಿಗೆ ಬೀಟೆ ಕಡಿಯಲು ಅರಣ್ಯ ಇಲಾಖೆಗೆ ಅಲೆಯಬೇಕು ಎಂದೆ. ಅವರು ಕೈ ಚೆಲ್ಲಿದರು. 2017ರಲ್ಲಿ ಬೀಟೆಯ ಜಾತಿಯ ಮರಗಳಿಗೆ ಅಂತರರಾಷ್ಟ್ರೀಯ ವ್ಯಾಪಾರದ ನಿರ್ಬಂಧ ಬಿದ್ದು, ಆ ನಿರ್ಬಂಧ ಹಾಕಿದ ದೇಶಗಳ 2019ರ ಜಿನೀವಾ ಸಭೆಯಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಹೊರದೇಶಕ್ಕೆ ಗಿಟಾರು ಸಾಗಿಸುವ ಕಂಪನಿಗಳಿಗೆ ಅದರಿಂದ ಅನುಕೂಲವಾಯಿತು. ವರ್ಷಕ್ಕೆ ಕೆಲವೇ ವೀಣೆ ಮುಟ್ಟುವ ಇವರಿಗೆ ಬೇಕಾದದ್ದು ಒಂದು ತುಂಡು ಮರ, ಒಂದು ಮುದ್ದೆ ಮೇಣ. ಮಗ ಈ ಕೆಲಸಕ್ಕೆ ಬಂದನೇ ಎಂದು ಕೇಳಿದೆ. ಆತ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿದ್ದಾನೆ. "ತಿಂಗಳಾದ್ರೆ ಸಂಬಳ ಬರುತ್ತೆ, ಯಾಕೆ ಬರ್ತಾನೆ ಸಾರ್?"

ಕಾಲೇಜುಗಳು ವೀಣೆ ನುಡಿಸುವವರಿಗೆ ಪದವಿ ಕೊಡುತ್ತವೆ. ವೀಣೆಯನ್ನು ನುಡಿಯುವ ಹಾಗೆ ಇಡುವವರಿಗೂ ಒಂದು ಸರ್ಟಿಫಿಕೇಟ್ ಕೋರ್ಸು ನಡೆಸಿದರೆ ಬೊಕ್ಕಸಕ್ಕೆ ಹೊರೆಯೇನೂ ಆಗದು.

ಕೊಡಗಿನ ಹುಡುಗಿಯೊಬ್ಬಳು ಅಲ್ಲಿ ಸಿಕ್ಕಳು. ನಾಪೋಕ್ಲು ಕಡೆಯವಳು, ಹಾಡುಗಾರಿಕೆ ಓದುತ್ತಿದ್ದಾಳೆ. ಊರಿನಲ್ಲಿ "ಪಾಟ್ ಪಡಿಚಿತ್ ಎಂತ ಮಾಡುವ?" (ಹಾಡು ಕಲಿತು ಏನು ಮಾಡುತ್ತೀಯ?) ಎಂದು ಕೇಳದವರಿಲ್ಲವಂತೆ. ಪದವಿ ಮುಗಿಸಿ ಊರಿಗೆ ಮರಳುವೆಯಾ ಎಂದೆ. ಮರಳಿದರೆ ಕೆಲಸ ಎಲ್ಲಿದೆ ಎಂದು ನನ್ನನ್ನೇ ಕೇಳಿದಳು. ಮಳೆಗಾಲದಲ್ಲಿ ಅಲ್ಲಿ ತಂಬೂರಿ ಶ್ರುತಿಗೆ ನಿಲ್ಲುವುದಿಲ್ಲ, ಮೃದಂಗದ ಚರ್ಮ ತೇವ ಹೀರಿ ದನಿ ಇಳಿಯುತ್ತದೆ ಎಂಬ ತಮಾಷೆಯೂ ಅವಳ ಬಾಯಲ್ಲಿತ್ತು. ಅವಳ ಊರಿನ ಸೀಮೆಯಲ್ಲೇ ಬಾಳಿದವರು ಹರದಾಸ ಅಪ್ಪಚ್ಚ ಕವಿ. 1868ರಲ್ಲಿ ಹುಟ್ಟಿ 1944ರಲ್ಲಿ ತೀರಿಕೊಂಡ ಅವರು ಕೊಡವ ಭಾಷೆಯಲ್ಲಿ ಬರೆದ ನಾಟಕಗಳ ತುಂಬ ಹಾಡುಗಳಿವೆ. ನೂರು ವರ್ಷ ಕಳೆದರೂ ಆ ಹಾಡುಗಳನ್ನು ಕ್ರಮವಾಗಿ ಕಲಿಸಲು ಒಬ್ಬ ಅಧ್ಯಾಪಕರನ್ನು ಕೂರಿಸಲು ನಮಗೆ ಆಗಿಲ್ಲ.

ಹಾಗೆ ನೋಡಿದರೆ ಕೊಡಗಿನಲ್ಲಿ ವೃತ್ತಿ ಸಂಗೀತಗಾರರಿಗೆ ಎಂದೂ ಬರವಿರಲಿಲ್ಲ. ಮದುವೆಗೂ ಊರ ಹಬ್ಬಕ್ಕೂ ವಾಲಗ ಊದುವ, ಕೊಟ್ಟು ಬಡಿಯುವ ಮನೆತನಗಳಿವೆ. ಪುತ್ತರಿಯಲ್ಲಿ ನಾಲ್ವರು ದುಡಿ ಹಿಡಿದು ಬಾಳೋ ಪಾಟ್ ಹಾಡುತ್ತಾರೆ. ನಡಿಕೇರಿಯಂಡ ಚಿಣ್ಣಪ್ಪ ಅಂಥ ಹಾಡುಗಳನ್ನು ಕೂಡಿಸಿ 1924ರಲ್ಲೇ ಪಟ್ಟೋಲೆ ಪಳಮೆಯಲ್ಲಿ ಅಚ್ಚು ಹಾಕಿಸಿದರು. ವಾಲಗದವರಿಗೆ ಸಿಕ್ಕದ್ದು ಕೂಲಿ ಮಾತ್ರ, ಕುರ್ಚಿ ಸಿಗಲಿಲ್ಲ. ವೆಂಕಟಲಕ್ಷಮ್ಮನವರಿಗೆ ಮೈಸೂರು ಕೊಟ್ಟ ಕುರ್ಚಿಯಂಥದ್ದನ್ನು ಕೊಡಗು ತನ್ನ ಒಬ್ಬ ವಾದ್ಯಗಾರನಿಗೂ ಕೊಟ್ಟದ್ದಿಲ್ಲ.

2023ರಲ್ಲಿ ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಆರಂಭವಾಯಿತು. 2025ರಲ್ಲಿ ಸಚಿವ ಸಂಪುಟದ ಉಪಸಮಿತಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಶಿಫಾರಸು ಮಾಡಿದಾಗ ಅದರ ಹೆಸರೂ ಪಟ್ಟಿಯಲ್ಲಿತ್ತು, ಜಿಲ್ಲೆಯಲ್ಲಿ ವಿರೋಧವೂ ಎದ್ದಿತು. ಉಳಿಸಿಕೊಳ್ಳಲು ದನಿ ಎತ್ತಿದವರು ಅದೇ ದನಿಯಲ್ಲಿ ಇನ್ನೊಂದನ್ನೂ ಕೇಳಲಿ. ಅಲ್ಲೊಂದು ಸಂಗೀತ ವಿಭಾಗ ಬೇಕು, ದೊಡ್ಡದೇನೂ ಬೇಡ. ಕಛೇರಿ ಮಾಡುವ ವಿದ್ವಾಂಸರೊಬ್ಬರಿಗೆ ಒಂದು ಕಾಯಂ ಹುದ್ದೆ, ವಾಲಗ ಮತ್ತು ದುಡಿಯನ್ನು ಬಲ್ಲ ಹಿರಿಯರೊಬ್ಬರಿಗೆ ಯುಜಿಸಿಯ ಆ ಎರಡನೆಯ ಬಾಗಿಲಿನ ಮಾದರಿಯಲ್ಲಿ ಇನ್ನೊಂದು. ಕೊಡವ ಸಾಹಿತ್ಯ ಅಕಾಡೆಮಿ, ಅರೆಭಾಷೆ ಅಕಾಡೆಮಿಗಳೂ ಜಿಲ್ಲೆಯ ಶಾಸಕರೂ ಒಟ್ಟಾಗಿ ಈ ಬೇಡಿಕೆಯನ್ನು ಮುಂದಿನ ಬಜೆಟ್ಟಿಗೆ ಮೊದಲೇ ಸರ್ಕಾರದ ಮುಂದಿಡಬೇಕು.