ಕೈ ಕಟ್ಟಿ ಕೂರುವ ವಿದ್ಯೆ

ಕಳೆದ ತಿಂಗಳ ಗೋಷ್ಠಿ ಮುಗಿದು ಎಲ್ಲರೂ ಬಿಸಿಬೇಳೆಭಾತಿನ ತಟ್ಟೆ ಹಿಡಿದು ನಿಂತಿದ್ದಾಗ ನಮ್ಮ ಬಳಗದ ಹಿರಿಯರೊಬ್ಬರು ಕೇಳಿದರು: "ಬೇಸಿಗೆ ಬಂತೆಂದರೆ ನೀವು ನಾಲ್ಕೈದು ಜನ ಎರಡು ವಾರ ಯಾರ ಫೋನಿಗೂ ಸಿಗುವುದಿಲ್ಲ. ಆ ಹೆಣ್ಣುಮಕ್ಕಳ ವಿಜ್ಞಾನ ಶಿಬಿರದಲ್ಲಿ ನೀವು ಮಾಡುವುದಾದರೂ ಏನು? ಪಾಠ ಹೇಳುತ್ತೀರಾ?" ಪಾಠ ಅಲ್ಲ ಎಂದೆವು. "ಮತ್ತೆ?" ಎಂದರು. ತಟ್ಟೆಯಲ್ಲಿದ್ದ ಬೋಂಡ ತಣ್ಣಗಾಯಿತೇ ಹೊರತು ನಮ್ಮ ಬಾಯಿಂದ ನೆಟ್ಟಗೆ ಒಂದು ಉತ್ತರ ಹೊರಡಲಿಲ್ಲ. ಅಂದು ಕೊಡಲಾಗದ ಆ ಉತ್ತರವನ್ನು ಇಲ್ಲಿ ಬರೆಯಲು ಹೊರಟಿದ್ದೇವೆ. ಕಂಪ್ಯೂಟರಿನ ವಿಷಯ ಅಲ್ಲಲ್ಲಿ ಬರುತ್ತದೆ, ಕಥೆ-ಕವಿತೆಯ ಓದುಗರು ದಯವಿಟ್ಟು ಸಹಿಸಿಕೊಳ್ಳಬೇಕು.

ಅಮೆರಿಕದ ಶಾಲೆಗಳಿಗೆ ಜೂನ್‌ನಿಂದ ಆಗಸ್ಟ್‌ವರೆಗೆ ರಜೆ ಎಂಬುದು ಮಕ್ಕಳಿರುವ ನಮಗೆಲ್ಲ ಗೊತ್ತಿರುವ (ಮತ್ತು ಸ್ವಲ್ಪ ಹೆದರಿಸುವ) ಸಂಗತಿ. ಆ ದಿನಗಳಲ್ಲಿ ವಿಶ್ವವಿದ್ಯಾಲಯಗಳ ಲ್ಯಾಬುಗಳು ಅರ್ಧ ಖಾಲಿ. ಅವುಗಳಲ್ಲಿ ಹೈಸ್ಕೂಲಿನ ಹುಡುಗಿಯರಿಗೆಂದೇ ವಿಜ್ಞಾನ, ಕಂಪ್ಯೂಟರ್, ಎಂಜಿನಿಯರಿಂಗ್ ಶಿಬಿರಗಳನ್ನು ನಡೆಸುವ ಪದ್ಧತಿ ಈ ದೇಶದಲ್ಲಿ ಬೇಕಾದಷ್ಟು ಕಡೆ ಇದೆ. ಹುಡುಗಿಯರಿಗೆಂದೇ ಏಕೆ ಎಂದು ಕೇಳುವವರಿಗೆ ನಾವು ಎರಡು ಅಂಕಿ ಹೇಳುತ್ತೇವೆ. ಅಮೆರಿಕದಲ್ಲಿ ಕಂಪ್ಯೂಟರ್ ಸೈನ್ಸ್ ಪದವಿ ಪಡೆದವರಲ್ಲಿ ಹೆಂಗಸರು 1984ರ ಸುಮಾರಿಗೆ ಶೇಕಡ 37ರಷ್ಟಿದ್ದರು. 2010ರ ಹೊತ್ತಿಗೆ ಅದು ಶೇಕಡ 18ರ ಆಸುಪಾಸಿಗೆ ಇಳಿದಿತ್ತು. ವೈದ್ಯಕೀಯ, ಕಾನೂನು ಎಲ್ಲ ಕಡೆಯೂ ಏರುತ್ತಿದ್ದ ಸಂಖ್ಯೆ ನಮ್ಮ ವೃತ್ತಿಯಲ್ಲಿ ಮಾತ್ರ ಇಳಿಯಿತು. 1946ರಲ್ಲಿ ಲೋಕಕ್ಕೆ ಪರಿಚಯಿಸಲಾದ ಎನಿಯಾಕ್ ಎಂಬ ದೈತ್ಯ ಯಂತ್ರಕ್ಕೆ ಪ್ರೋಗ್ರಾಮ್ ಬರೆದವರು ಆರು ಮಂದಿ ಹೆಂಗಸರು ಎಂಬುದನ್ನು ನೆನೆದರೆ ಇದು ಇನ್ನೂ ವಿಚಿತ್ರವಾಗಿ ಕಾಣುತ್ತದೆ.

ನಾವು ಹೋಗುವುದು ನಮ್ಮೂರಿನ ವಿಶ್ವವಿದ್ಯಾಲಯದಲ್ಲಿ ನಡೆಯುವ ಒಂದು ಸಣ್ಣ ಶಿಬಿರಕ್ಕೆ. ಎರಡು ವಾರ, ಮೂವತ್ತು ಹುಡುಗಿಯರು, ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕು.

ಮೊದಲು ಸ್ವಯಂಸೇವಕರ ಕೆಲಸವನ್ನು ಹೇಳಿ ಮುಗಿಸಿಬಿಡುತ್ತೇವೆ, ಏಕೆಂದರೆ ಅದರಲ್ಲಿ ಕಾವ್ಯವಿಲ್ಲ. ಏಪ್ರಿಲ್‌ನಲ್ಲಿ ಬೆರಳಚ್ಚು ಕೊಡಬೇಕು, ಪೊಲೀಸ್ ದಾಖಲೆಯ ತಪಾಸಣೆ ಆಗಬೇಕು. ಅಪ್ರಾಪ್ತ ವಯಸ್ಸಿನ ಮಕ್ಕಳೊಂದಿಗೆ ಒಬ್ಬರೇ ದೊಡ್ಡವರು ಮುಚ್ಚಿದ ಕೋಣೆಯಲ್ಲಿ ಇರಕೂಡದು, ಯಾವಾಗಲೂ ಇಬ್ಬರಿರಬೇಕು. ಯಾರಿಗೆ ಕಡಲೆಕಾಯಿ ಆಗದು, ಯಾರಿಗೆ ಹಾಲು ಆಗದು ಎಂಬ ಪಟ್ಟಿ ಜೇಬಿನಲ್ಲೇ ಇರಬೇಕು. ಮೂವತ್ತು ಲ್ಯಾಪ್‌ಟಾಪುಗಳನ್ನು ಹಿಂದಿನ ಭಾನುವಾರವೇ ಅಪ್‌ಡೇಟ್ ಮಾಡಿಡದಿದ್ದರೆ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಮೂವತ್ತೂ ಒಟ್ಟಿಗೆ ಅಪ್‌ಡೇಟ್ ಶುರುಮಾಡಿಕೊಂಡು ಒಂದು ಗಂಟೆ ಮೌನವ್ರತ ಆಚರಿಸುತ್ತವೆ. (ಇದು ಊಹೆಯಲ್ಲ, ಅನುಭವ.) ಎಲ್ಲಕ್ಕಿಂತ ದೊಡ್ಡದು ಕಾರು. ಅಪ್ಪ-ಅಮ್ಮ ಇಬ್ಬರೂ ಶಿಫ್ಟ್ ಕೆಲಸಕ್ಕೆ ಹೋಗುವ ಮನೆಯ ಹುಡುಗಿಗೆ ಶಿಬಿರದ ಶುಲ್ಕ ಮನ್ನಾ ಮಾಡಿದರೆ ಸಾಲದು, ಅವಳನ್ನು ಕರೆತಂದು ಬಿಡುವವರು ಬೇಕು. ಬಸ್ಸಿಲ್ಲದ ಈ ಊರಿನಲ್ಲಿ ಒಂದು ಕಾರಿನ ನಾಲ್ಕು ಸೀಟುಗಳೆಂದರೆ ನಾಲ್ಕು ಹುಡುಗಿಯರು ಬರುವುದು ಅಥವಾ ಬಾರದಿರುವುದು, ಲೆಕ್ಕ ಅಷ್ಟು ಸರಳ.

ಇನ್ನು ಮೆಂಟರ್ ಎಂಬ ಕೆಲಸ. ಇದಕ್ಕೆ ಕನ್ನಡದಲ್ಲಿ ಏನನ್ನೋಣ? 'ಗುರು' ಎಂದರೆ ಭಾರವಾಯಿತು, 'ಮಾರ್ಗದರ್ಶಿ' ಎಂದರೆ ಪರೀಕ್ಷೆಗೆ ಮುಂಚೆ ಕೊಳ್ಳುವ ಗೈಡ್ ನೆನಪಾಗುತ್ತದೆ. ಹಾಗಾಗಿ ಮೆಂಟರ್ ಎಂದೇ ಇಟ್ಟುಕೊಳ್ಳುತ್ತೇವೆ. ಮೊದಲ ವರ್ಷ ಆ ಕೆಲಸಕ್ಕೆ ನಾವೇ ಧುಮುಕಿದೆವು. ಇಪ್ಪತ್ತು ವರ್ಷ ಸಾಫ್ಟ್‌ವೇರ್ ಬರೆದವರಿಗೆ ಹದಿನೈದರ ಹುಡುಗಿಗೆ ಹೇಳಿಕೊಡುವುದು ಯಾವ ಮಹಾ ಎಂಬ ಧೈರ್ಯ.

ಆ ವರ್ಷ ಒಂದು ಮೇಜಿನಲ್ಲಿ ಹುಡುಗಿಯೊಬ್ಬಳು ಗಿಡದ ಕುಂಡದ ಮಣ್ಣು ಒಣಗಿದೆಯೇ ಎಂದು ತಿಳಿಸುವ ಯಂತ್ರ ಮಾಡುತ್ತಿದ್ದಳು. ಅವಳ ಅಜ್ಜಿಗೆ ಕಣ್ಣು ಮಂಜು, ಗಿಡಗಳಿಗೆ ನೀರು ಹೆಚ್ಚಾಗಿ ಕೊಳೆಯುತ್ತಿದ್ದವಂತೆ. ಯಂತ್ರ ಎಂದರೆ ದೊಡ್ಡದೇನಲ್ಲ. ಮಣ್ಣಿಗೆ ಚುಚ್ಚುವ ಎರಡು ಲೋಹದ ಕಡ್ಡಿ, ಅಂಗೈ ಅಗಲದ ಆರ್ಡುಯಿನೊ ಎಂಬ ಹಲಗೆ, ನಾಲ್ಕು ತಂತಿ. ಒದ್ದೆ ಮಣ್ಣಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಒಣ ಮಣ್ಣಿನಲ್ಲಿ ಹರಿಯುವುದಿಲ್ಲ. ಆ ವ್ಯತ್ಯಾಸವನ್ನು ಹಲಗೆ 0ಯಿಂದ 1023ರವರೆಗಿನ ಒಂದು ಸಂಖ್ಯೆಯಾಗಿ ತೋರಿಸುತ್ತದೆ. 1023 ಏಕೆಂದರೆ ಅದು ಅಳತೆಗೆ ಬಳಸುವುದು ಹತ್ತು ಬಿಟ್‌ಗಳನ್ನು, ಎರಡನ್ನು ಹತ್ತು ಬಾರಿ ಗುಣಿಸಿದರೆ 1024, ಸೊನ್ನೆಯಿಂದ ಎಣಿಸಿದರೆ ಕೊನೆಯದು 1023. ಅವಳ ಜೋಡಣೆಯಲ್ಲಿ ಮಣ್ಣು ಒಣಗಿದಷ್ಟೂ ಸಂಖ್ಯೆ ಏರಬೇಕು. ಆದರೆ ಒಣಮಣ್ಣಿಗೆ ಚುಚ್ಚಿದರೂ 1023, ನೀರಿನ ಲೋಟದಲ್ಲೇ ಅದ್ದಿದರೂ 1023.

ಅವಳು ಮುಕ್ಕಾಲು ಗಂಟೆ ಒದ್ದಾಡಿದ್ದಳು. ನಮ್ಮಲ್ಲೊಬ್ಬರು (ಹೆಸರು ಬೇಡ, ಈ ಲೇಖನ ಬರೆಯುತ್ತಿರುವ ಕೈಯೇ ಅದು) "ಎಲ್ಲಿ, ನೋಡೋಣ" ಎಂದು ಕುರ್ಚಿ ಎಳೆದುಕೊಂಡು, ಕೀಬೋರ್ಡು ತಮ್ಮ ಕಡೆ ತಿರುಗಿಸಿಕೊಂಡು, ಒಂದು ತಂತಿ ಪಕ್ಕದ ತೂತಿನಲ್ಲಿ ಕೂತಿದ್ದನ್ನು ಕಂಡುಹಿಡಿದು, ಸರಿಮಾಡಿ, ಇರಲಿ ಎಂದು ಅವಳ ಪ್ರೋಗ್ರಾಮಿನ ಐದಾರು ಸಾಲನ್ನೂ ತಿದ್ದಿ ಎದ್ದರು. ಒಟ್ಟು ನಾಲ್ಕು ನಿಮಿಷ. ಸಂಖ್ಯೆ ಕುಣಿಯತೊಡಗಿತು. ನಮಗೆ ಬಹಳ ಸಂತೋಷವಾಯಿತು.

ಎರಡನೆಯ ವಾರದ ಶುಕ್ರವಾರ ಪ್ರದರ್ಶನ. ಅಪ್ಪ-ಅಮ್ಮಂದಿರು ಬಂದಿದ್ದರು, ಆ ಅಜ್ಜಿಯೂ ಬಂದಿದ್ದರು. ಇದು ಹೇಗೆ ಕೆಲಸ ಮಾಡುತ್ತದೆ ಎಂದು ಯಾರೋ ಕೇಳಿದಾಗ ಹುಡುಗಿ ನಮ್ಮ ಕಡೆ ಕೈ ತೋರಿಸಿ, "ಅದು ಅವರಿಗೆ ಗೊತ್ತು, ಅವರೇ ಸರಿಮಾಡಿದ್ದು" ಎಂದಳು. ಕಹಿಯಿರಲಿಲ್ಲ ಮಾತಿನಲ್ಲಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಮರುವರ್ಷದ ಅರ್ಜಿಗಳಲ್ಲಿ ಅವಳ ಹೆಸರಿರಲಿಲ್ಲ. ಕಾರಣ ನೂರಿದ್ದೀತು, ಮನೆ ಬದಲಾಯಿಸಿರಬಹುದು, ಈಜು ಹಿಡಿಸಿರಬಹುದು. ಆದರೂ ಆ ನಾಲ್ಕು ನಿಮಿಷ ನಮ್ಮ ಗಂಟಲಲ್ಲಿ ಮುಳ್ಳಿನ ಹಾಗೆ ಉಳಿದಿದೆ.

ನಾವು ಓದತೊಡಗಿದ್ದು ಆಮೇಲೆ. ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಜೇನ್ ಮಾರ್ಗೋಲಿಸ್ ಮತ್ತು ಆಲನ್ ಫಿಶರ್ ಎಂಬಿಬ್ಬರು ನೂರಕ್ಕೂ ಹೆಚ್ಚು ಕಂಪ್ಯೂಟರ್ ವಿದ್ಯಾರ್ಥಿಗಳನ್ನು ಹಲವು ವರ್ಷ ಮಾತನಾಡಿಸಿ 2002ರಲ್ಲಿ ಪುಸ್ತಕ ಬರೆದರು. ಅವರಿಗೆ ಕಂಡದ್ದು ಇದು: ಹೆಣ್ಣುಮಕ್ಕಳಲ್ಲಿ ಮೊದಲು ಕುಸಿಯುವುದು ಅಂಕಗಳಲ್ಲ, ಆತ್ಮವಿಶ್ವಾಸ. ಚಿಕ್ಕಂದಿನಿಂದ ಮನೆಯ ಕಂಪ್ಯೂಟರು ಬಿಚ್ಚಿ ಬೆಳೆದ ಹುಡುಗರ ನಡುವೆ ಕೂತು "ಇವರಿಗೆಲ್ಲ ಹುಟ್ಟಾ ಗೊತ್ತು, ನಾನು ತಪ್ಪಿ ಇಲ್ಲಿಗೆ ಬಂದೆ" ಎಂದುಕೊಳ್ಳುತ್ತಾರೆ. ಆಸಕ್ತಿ ಹೋಗುವುದು ಅದರ ನಂತರ. ನಾವು ನೋಡಿದರೆ "ಆಸಕ್ತಿಯೇ ಇಲ್ಲ ಬಿಡಿ" ಎನ್ನುತ್ತೇವೆ. ಅನುಭವವಿಲ್ಲದವರಿಗೂ ದಾರಿಯಾಗುವಂತೆ ಪ್ರವೇಶದ ರೀತಿ, ಮೊದಲ ಪಾಠಗಳು ಎಲ್ಲವನ್ನೂ ಬದಲಿಸಿದ ಮೇಲೆ ಅಲ್ಲಿ ಹೊಸದಾಗಿ ಸೇರುವವರಲ್ಲಿ ಹೆಣ್ಣುಮಕ್ಕಳ ಪಾಲು 1995ರ ಶೇಕಡ 7ರಿಂದ 2000ದಲ್ಲಿ ಶೇಕಡ 42ಕ್ಕೆ ಏರಿತು.

ಇನ್ನೊಂದು ಅಧ್ಯಯನ ನಮಗೆ ಸ್ವಲ್ಪ ನೋವನ್ನೇ ಕೊಟ್ಟಿತು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ತಾರಾ ಡೆನೆಹಿ ಮತ್ತು ನೀಲಾಂಜನಾ ದಾಸ್‌ಗುಪ್ತಾ 2017ರಲ್ಲಿ ಪ್ರಕಟಿಸಿದ್ದು. ಎಂಜಿನಿಯರಿಂಗಿಗೆ ಹೊಸದಾಗಿ ಸೇರಿದ 150 ಹುಡುಗಿಯರನ್ನು ಮೂರು ಗುಂಪು ಮಾಡಿದರು. ಕೆಲವರಿಗೆ ಹಿರಿಯ ತರಗತಿಯ ಹುಡುಗಿ ಮೆಂಟರ್, ಕೆಲವರಿಗೆ ಹಿರಿಯ ತರಗತಿಯ ಹುಡುಗ, ಉಳಿದವರಿಗೆ ಯಾರೂ ಇಲ್ಲ. ವರ್ಷ ಮುಗಿದಾಗ ಹುಡುಗಿ ಮೆಂಟರ್ ಇದ್ದವರಲ್ಲಿ ಒಬ್ಬಳೂ ಎಂಜಿನಿಯರಿಂಗ್ ಬಿಟ್ಟಿರಲಿಲ್ಲ. ಹುಡುಗ ಮೆಂಟರ್ ಸಿಕ್ಕವರ ಸ್ಥಿತಿ ಮೆಂಟರೇ ಇಲ್ಲದವರಿಗಿಂತ ಉತ್ತಮವಾಗೇನೂ ಇರಲಿಲ್ಲ. ಕುತೂಹಲದ ಸಂಗತಿಯೆಂದರೆ ಅಂಕಗಳಲ್ಲಿ ವ್ಯತ್ಯಾಸವಿಲ್ಲ. ಬದಲಾದದ್ದರಲ್ಲಿ "ನಾನು ಇಲ್ಲಿಯವಳು" ಎಂಬ ಭಾವವೂ ಒಂದು. ಪರದೇಶದಲ್ಲಿ ಕನ್ನಡ ಗೋಷ್ಠಿ ಕಟ್ಟಿಕೊಂಡು ಕೂತಿರುವ ನಮಗೆ ಅದರ ಅರ್ಥ ವಿವರಿಸಬೇಕಾಗಿಲ್ಲ ಅನ್ನಿ.

ಹೀಗಾಗಿ ಮರುವರ್ಷದಿಂದ ನಮ್ಮ ಗುಂಪಿನ ಗಂಡಸರು ಮೆಂಟರ್ ಮೇಜಿನಿಂದ ಎದ್ದು ಲ್ಯಾಪ್‌ಟಾಪು, ಊಟ, ಕಾರುಗಳ ಕಡೆಗೆ ಬಡ್ತಿ ಪಡೆದರು. ಮೇಜಿಗೆ ಬಂದವರು ಅದೇ ವಿಶ್ವವಿದ್ಯಾಲಯದ ಹತ್ತೊಂಬತ್ತು-ಇಪ್ಪತ್ತರ ಹುಡುಗಿಯರು, ಅವರಲ್ಲಿ ಕೆಲವರು ಹಿಂದೆ ಇದೇ ಶಿಬಿರದಲ್ಲಿ ಕೂತು ತಂತಿ ಚುಚ್ಚಿದವರು. ಅವರಿಗೆ ನಮ್ಮಷ್ಟು ಗೊತ್ತಿಲ್ಲ. ಅದೇ ಅವರ ಬಂಡವಾಳ. "ನನಗೂ ಹೋದ ವರ್ಷ ಇದೇ ಆಗಿತ್ತು, ಎರಡು ದಿನ ಹಿಡಿಯಿತು" ಎಂದು ಹತ್ತೊಂಬತ್ತರವಳು ಹೇಳಿದರೆ ಹದಿನೈದರವಳು ನಂಬುತ್ತಾಳೆ. ನಲವತ್ತೈದರ ನಾವು ಹೇಳಿದರೆ ಅದು ದೊಡ್ಡವರ ಸಮಾಧಾನದ ಮಾತು.

ಅವರಿಗೆ ನಾವು ಕೊಡುವ ತರಬೇತಿ ಅರ್ಧ ದಿನದ್ದು. ಅದರಲ್ಲಿ ಒಂದೇ ಕಟ್ಟುನಿಟ್ಟಾದ ನಿಯಮ: ಕೀಬೋರ್ಡು ಮುಟ್ಟಬಾರದು. ತಂತಿಯನ್ನೂ ಮುಟ್ಟಬಾರದು. ಕೈ ತುರಿಸಿದರೆ ತೊಡೆಯ ಕೆಳಗಿಟ್ಟುಕೊಂಡು ಕೂರುವುದು. ಕೇಳಬಹುದಾದ ಪ್ರಶ್ನೆಗಳಿವೆ. ಏನಾಗಬೇಕಿತ್ತು? ಏನಾಗುತ್ತಿದೆ? ಎಲ್ಲಿಯವರೆಗೆ ಸರಿಯಿದೆ ಅಂತ ನಿನಗೆ ಖಾತ್ರಿ? ಈ ಮೂರನ್ನು ಕ್ರಮವಾಗಿ ಕೇಳಿದರೆ ಹತ್ತರಲ್ಲಿ ಎಂಟು ಬಾರಿ ಹುಡುಗಿ ಮೂರನೆಯದಕ್ಕೆ ಉತ್ತರ ಹೇಳುತ್ತಿರುವಾಗಲೇ "ಓ!" ಎಂದು ತಂತಿಗೆ ಕೈ ಹಾಕುತ್ತಾಳೆ. (ಎಂಟು ಎಂಬುದು ನಮ್ಮ ಕಣ್ಣಂದಾಜು, ಅಧ್ಯಯನವಲ್ಲ.) ನಾಲ್ಕು ನಿಮಿಷದ ಕೆಲಸಕ್ಕೆ ಒಂದು ಮಧ್ಯಾಹ್ನ ಹೋಗುತ್ತದೆ. ಹೋಗಲಿ. ನಮ್ಮ ಆಫೀಸಿನ ಲೆಕ್ಕದಲ್ಲಿ ಇದು ಶುದ್ಧ ನಷ್ಟ, ಶಿಬಿರದಲ್ಲಿ ಇದೇ ಲಾಭ.

ದೊಡ್ಡ ಶಿಬಿರಗಳನ್ನು ನೋಡಿದರೂ ಇದರದೇ ಬೇರೆ ರೂಪ ಕಾಣುತ್ತದೆ. 2015ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಪ್ರೊಫೆಸರ್ ಫೇಫೇ ಲೀ, ಆಗಿನ್ನೂ ಅವರ ವಿದ್ಯಾರ್ಥಿನಿಯಾಗಿದ್ದ ಓಲ್ಗಾ ರುಸಕೊವ್‌ಸ್ಕಿ ಮತ್ತು ರಿಕ್ ಸಾಮರ್ ಸೇರಿ ಒಂಬತ್ತನೆಯ ತರಗತಿ ಮುಗಿಸಿದ 24 ಹುಡುಗಿಯರಿಗೆ ಕೃತಕ ಬುದ್ಧಿಮತ್ತೆಯ ಎರಡು ವಾರದ ಶಿಬಿರ ನಡೆಸಿದರು. ಅಲ್ಲಿ ಭಾಷಾ ವಿಭಾಗದ ಗುಂಪಿಗೆ ಕೊಟ್ಟ ಕೆಲಸ, ಪ್ರಕೃತಿ ವಿಕೋಪದ ಸಮಯದಲ್ಲಿ ಜನ ಬರೆದ ಟ್ವೀಟುಗಳಿಂದ ಯಾರಿಗೆ ಏನು ನೆರವು ಬೇಕೆಂದು ಕಂಪ್ಯೂಟರಿನಿಂದ ವಿಂಗಡಿಸುವುದು. ಸೂತ್ರ ಮೊದಲಲ್ಲ, ಯಾರಿಗಾಗಿ ಎಂಬುದು ಮೊದಲು. ನಮ್ಮ ಹುಡುಗಿಯ ಅಜ್ಜಿಯ ಗಿಡದ ಹಾಗೆ. ವಾಷಿಂಗ್ಟನ್ ರಾಜ್ಯದಲ್ಲಿ ಎರಿನ್ ಪೆಟಿಟ್ ಎಂಬ ಹಿಮನದಿ ವಿಜ್ಞಾನಿ 1999ರಲ್ಲಿ ಆರಂಭಿಸಿದ 'ಗರ್ಲ್ಸ್ ಆನ್ ಐಸ್' ಇನ್ನೂ ಮುಂದೆ ಹೋಗುತ್ತದೆ. ಹೆಣ್ಣುಮಕ್ಕಳ ಸಣ್ಣ ತಂಡವೊಂದು ಹೆಂಗಸರೇ ಆದ ವಿಜ್ಞಾನಿಗಳು, ಪರ್ವತಾರೋಹಿಗಳ ಜೊತೆ ಹಿಮನದಿಯ ಮೇಲೆ ಡೇರೆ ಹಾಕಿ ಉಳಿದು, ಏನನ್ನು ಅಳೆಯಬೇಕೆಂಬ ಪ್ರಶ್ನೆಯನ್ನೂ ತಾವೇ ಹುಡುಕಿಕೊಳ್ಳಬೇಕು. ಪ್ರಶ್ನೆಯನ್ನೇ ಕೈಗೆ ಕೊಡದ ಮೆಂಟರ್ ಎಂದರೆ, ನಮ್ಮ ದೃಷ್ಟಿಯಲ್ಲಿ, ಅವರು ಆ ವಿದ್ಯೆಯಲ್ಲಿ ಪಿಎಚ್‌ಡಿ.

ಇದೆಲ್ಲ ಅಮೆರಿಕದ ಹೊಸ ಕಲ್ಪನೆ ಎಂದುಕೊಳ್ಳಬೇಡಿ. 1933ರಲ್ಲಿ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಕಮಲಾ ಭಾಗವತ್ (ಮುಂದೆ ಕಮಲಾ ಸೊಹೊನಿ) ಅರ್ಜಿ ಹಾಕಿದಾಗ ಸರ್ ಸಿ. ವಿ. ರಾಮನ್ ಹೆಣ್ಣೆಂಬ ಕಾರಣಕ್ಕೇ ಬೇಡವೆಂದರು. ಆಕೆ ಪಟ್ಟು ಬಿಡದಿದ್ದಾಗ ಮೊದಲ ವರ್ಷ ಪ್ರೊಬೇಷನ್ ಎಂಬ ಷರತ್ತಿನ ಮೇಲೆ ಸೇರಿಸಿಕೊಂಡರು. ಅಲ್ಲಿ ಆಕೆಗೆ ಸಿಕ್ಕ ಮಾರ್ಗದರ್ಶಕರು ಶ್ರೀನಿವಾಸಯ್ಯ, ಕಟ್ಟುನಿಟ್ಟಿನ ಮನುಷ್ಯ. ಹೆಣ್ಣೆಂದು ರಿಯಾಯಿತಿ ತೋರಲಿಲ್ಲ, ಹೆಣ್ಣೆಂದು ಕಡಿಮೆ ಕೆಲಸವನ್ನೂ ಕೊಡಲಿಲ್ಲ. ವರ್ಷದ ಕೊನೆಗೆ ರಾಮನ್ ಅವರಿಗೂ ಒಪ್ಪಿಗೆಯಾಯಿತು, ಸಂಸ್ಥೆಯ ಬಾಗಿಲು ಇತರ ಹೆಣ್ಣುಮಕ್ಕಳಿಗೂ ತೆರೆಯಿತು. ಕಮಲಾ 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ಅಂದ ಹಾಗೆ, ಅಲ್ಲಿ ಮೆಂಟರ್ ಗಂಡಸೇ ಆಗಿದ್ದರು ಎಂದು ನೆನಪಿಸಿ ನಮ್ಮ ಗುಂಪಿನ ಒಬ್ಬರು ಮೇಜಿಗೆ ವಾಪಸು ಬರಲು ಅರ್ಜಿ ಹಾಕಿದ್ದಾರೆ. ಆ ಕಾಲದಲ್ಲಿ ಬೇರೆ ಆಯ್ಕೆ ಇರಲಿಲ್ಲವೆಂದು ಅರ್ಜಿ ತಿರಸ್ಕರಿಸಲಾಗಿದೆ.

ಶಿಬಿರ ಮುಗಿದ ಮೇಲಿನ ಕೆಲಸವನ್ನೂ ಹೇಳಬೇಕು. ಎರಡು ವಾರದ ಉತ್ಸಾಹ ಸೆಪ್ಟೆಂಬರಿನ ಮೊದಲ ಪರೀಕ್ಷೆಗೆ ಕರಗುತ್ತದೆ. ಆದ್ದರಿಂದ ಕಾಲೇಜು ಹುಡುಗಿಯರು ತಮ್ಮ ಮೇಜಿನವರೊಡನೆ ತಿಂಗಳಿಗೊಮ್ಮೆ, ತಂದೆತಾಯಿಗೆ ತಿಳಿಸಿ, ಮಾತನಾಡುತ್ತಾರೆ. ಹೆಚ್ಚಿನ ಮಾತು ವಿಜ್ಞಾನದ್ದಲ್ಲ. ಶಾಲೆಯ ರೊಬಾಟಿಕ್ಸ್ ಕ್ಲಬ್ಬಿನಲ್ಲಿ ತನ್ನೊಬ್ಬಳಿಗೇ ಪೋಸ್ಟರ್ ಬರೆಯುವ ಕೆಲಸ ಕೊಡುತ್ತಾರೆ, ಏನು ಹೇಳಲಿ ಎಂಬಂಥದ್ದು.

ಮತ್ತೆ ಆ ಹಿರಿಯರ ಮಾತಿಗೆ ಬಂದರೆ, ಅಂದು ಅವರು ಕೊನೆಗೆ ಕೇಳಿದ್ದು, "ಕಂಪ್ಯೂಟರ್ ಏನೂ ತಿಳಿಯದ ನಮ್ಮಂಥವರು ಬಂದು ಏನು ಮಾಡಬೇಕು?" ಎಂದು. ಅದಕ್ಕೆ ಮಾತ್ರ ನಮ್ಮ ಹತ್ತಿರ ಉತ್ತರವಿತ್ತು. ಹೋದ ವರ್ಷದ ಪ್ರದರ್ಶನದ ದಿನ ನಮ್ಮ ಗೋಷ್ಠಿಯಲ್ಲಿ ಕವಿತೆ ಓದುವ ಒಬ್ಬರು, ಕಾರು ಕೆಟ್ಟ ಸ್ವಯಂಸೇವಕಿಯನ್ನು ಬಿಡಲು ಬಂದವರು, ಸುಮ್ಮನೆ ಒಳಗೆ ಬಂದರು. ಒಂದು ಮೇಜಿನ ಮುಂದೆ ನಿಂತು, "ಈ ತಂತಿ ಕಿತ್ತರೆ ಏನಾಗುತ್ತದೆ?" ಎಂದು ಕೇಳಿದರು. ನಿಜವಾಗಿ ಗೊತ್ತಿಲ್ಲದವರ ಪ್ರಶ್ನೆ ಅದು, ಮಕ್ಕಳಿಗೆ ತಕ್ಷಣ ತಿಳಿಯುತ್ತದೆ. ಹದಿನಾಲ್ಕರ ಆ ಹುಡುಗಿ ಕಿತ್ತು ತೋರಿಸಿದಳು, ಸಂಖ್ಯೆ 1023ಕ್ಕೆ ಹೋಗಿ ನಿಂತಿತು. "ಯಾಕೆ?" ಎಂದರು. ಹುಡುಗಿ ಬಿಳಿ ಹಲಗೆಯ ಹತ್ತಿರ ಕರೆದುಕೊಂಡು ಹೋಗಿ ಇಪ್ಪತ್ತು ನಿಮಿಷ ವಿವರಿಸಿದಳು. ಅವಳ ಮೆಂಟರ್ ಪಕ್ಕದಲ್ಲೇ ಕುರ್ಚಿಯಲ್ಲಿ ಕೂತಿದ್ದಳು, ಎರಡೂ ಕೈ ತೊಡೆಯ ಕೆಳಗೆ.