ದೃಷ್ಟಿನರದ ಕವಚ ಕಳಚಿದಾಗ

ಒಂದು ಕಣ್ಣಿನ ಮುಂದೆ ಮಂಜು ಕವಿದಂತಾಗುತ್ತದೆ. ಕಣ್ಣು ಹೊರಳಿಸಿದರೆ ಒಳಗೆಲ್ಲೋ ನೋವು. ಎರಡು ಮೂರು ದಿನಗಳಲ್ಲಿ ಮಂಜು ಇನ್ನಷ್ಟು ದಟ್ಟವಾಗುತ್ತದೆ. ಹಣೆಯ ಕುಂಕುಮ ಒಂದು ಕಣ್ಣಿಗೆ ಕೆಂಪಾಗಿಯೂ ಇನ್ನೊಂದು ಕಣ್ಣಿಗೆ ಬಣ್ಣ ಮಾಸಿದಂತೆಯೂ ಕಾಣುತ್ತದೆ. ಕನ್ನಡಿಯಲ್ಲಿ ನೋಡಿಕೊಂಡರೆ ಕಣ್ಣು ಕೆಂಪಾಗಿಲ್ಲ, ಊದಿಕೊಂಡಿಲ್ಲ, ಪಿಸುರು ಕಟ್ಟಿಲ್ಲ. ಕನ್ನಡಕದ ಅಂಗಡಿಯಲ್ಲಿ ಯಾವ ಗಾಜು ಹಾಕಿ ನೋಡಿದರೂ ಅಕ್ಷರ ಸ್ಪಷ್ಟವಾಗುವುದಿಲ್ಲ.

ಇಂಥ ತೊಂದರೆ ಬರುವವರಲ್ಲಿ ಹೆಚ್ಚಿನವರು 20ರಿಂದ 45 ವರ್ಷದೊಳಗಿನವರು. ಅವರಲ್ಲೂ ಹೆಂಗಸರೇ ಜಾಸ್ತಿ. ಇಲ್ಲಿ ದೋಷವಿರುವುದು ಕಣ್ಣುಗುಡ್ಡೆಯಲ್ಲಲ್ಲ, ಅದರ ಹಿಂದಿನಿಂದ ಮೆದುಳಿಗೆ ಹೋಗುವ ದೃಷ್ಟಿನರದಲ್ಲಿ. ಈ ನರದ ಉರಿಯೂತಕ್ಕೆ ವೈದ್ಯರು 'ಆಪ್ಟಿಕ್ ನ್ಯೂರೈಟಿಸ್' ಎನ್ನುತ್ತಾರೆ. ಈ ಕಾಯಿಲೆ ಬಂದವರ ಮನೆಯವರು ಕೇಳುವ ಪ್ರಶ್ನೆಯೊಂದಿದೆ: "ಡಾಕ್ಟ್ರೇ, ಹಾಳಾದ ನರವನ್ನು ರಿಪೇರಿ ಮಾಡುವ ಮಾತ್ರೆ ಬಂದಿದೆಯಂತಲ್ಲ, ಅದನ್ನೇ ಕೊಡಬಾರದೆ?" ಈ ವಾರ ಇದಕ್ಕೆ ಉತ್ತರ ನೋಡೋಣ.

ತಂತಿಯ ಮೇಲಿನ ಹೊದಿಕೆ

ದೃಷ್ಟಿನರ ಕಣ್ಣಿನಿಂದ ಹೊರಟು ಇನ್ನೊಂದು ಕಣ್ಣಿನ ನರವನ್ನು ಸೇರುವವರೆಗೆ ಸುಮಾರು ಐದು ಸೆಂಟಿಮೀಟರ್ ಉದ್ದವಿದೆ. ಅಷ್ಟರಲ್ಲಿ 10ರಿಂದ 12 ಲಕ್ಷ ನರತಂತುಗಳು ಕಟ್ಟು ಕಟ್ಟಿದಂತೆ ಸಾಗುತ್ತವೆ. ವಿದ್ಯುತ್ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುವಂತೆ ಈ ತಂತುಗಳ ಮೇಲೂ ಕೊಬ್ಬಿನಂಶ ಹೆಚ್ಚಾಗಿರುವ ಒಂದು ಕವಚವಿದೆ. ಅದೇ ಮಯಲಿನ್. 1854ರಲ್ಲಿ ಈ ಹೆಸರು ಕೊಟ್ಟವನು ಜರ್ಮನಿಯ ಖ್ಯಾತ ವೈದ್ಯ ರುಡಾಲ್ಫ್ ವಿರ್ಚೋ.

ಮಯಲಿನ್ ಕವಚ ಉದ್ದಕ್ಕೂ ಒಂದೇ ಸಮನಾಗಿಲ್ಲ. ನಡುನಡುವೆ ಸಣ್ಣ ಸಣ್ಣ ತೆರಪುಗಳಿವೆ. ನರದ ಸಂದೇಶ ಒಂದು ತೆರಪಿನಿಂದ ಮುಂದಿನ ತೆರಪಿಗೆ ನೆಗೆಯುತ್ತಾ ಓಡುತ್ತದೆ. ಹೀಗಾಗಿಯೇ ನಮ್ಮ ದೇಹದ ದಪ್ಪ ಕವಚದ ನರಗಳಲ್ಲಿ ಸಂದೇಶ ಸೆಕೆಂಡಿಗೆ 100 ಮೀಟರ್‌ವರೆಗೂ ಸಾಗಬಲ್ಲದು. ಕವಚವೇ ಇಲ್ಲದ ಸಣ್ಣ ನರಗಳಲ್ಲಿ ಅದರ ವೇಗ ಸೆಕೆಂಡಿಗೆ ಒಂದೆರಡು ಮೀಟರ್ ಮಾತ್ರ. ಕವಚಕ್ಕೆ ಇನ್ನೊಂದು ಕೆಲಸವೂ ಇದೆ. ಒಳಗಿರುವ ತಂತುವಿಗೆ ಅದು ಪೋಷಣೆ ಒದಗಿಸುತ್ತದೆ. ಬಹುಕಾಲ ಬರಿಮೈಯಲ್ಲಿ ಉಳಿದ ತಂತು ಕೊನೆಗೆ ಒಣಗಿ ಸಾಯುತ್ತದೆ. ಸತ್ತ ತಂತು ಮತ್ತೆ ಬೆಳೆಯುವುದಿಲ್ಲ.

ಕವಚ ಏಕೆ ಕಳಚುತ್ತದೆ?

ರೋಗಾಣುಗಳೊಂದಿಗೆ ಹೋರಾಡಬೇಕಾದ ರೋಗನಿರೋಧಕ ಶಕ್ತಿ ದಾರಿ ತಪ್ಪಿ ಸ್ವಂತ ಮಯಲಿನ್ ಮೇಲೆಯೇ ಬೀಳುವುದು ಇದಕ್ಕೆ ಮುಖ್ಯ ಕಾರಣ. ಮೆದುಳು, ಮಿದುಳುಬಳ್ಳಿಗಳಲ್ಲಿ ಅಲ್ಲಲ್ಲಿ ಹೀಗಾಗುವ ಕಾಯಿಲೆಗೆ 'ಮಲ್ಟಿಪಲ್ ಸ್ಕ್ಲಿರೋಸಿಸ್' ಎಂದು ಹೆಸರು. ಅನೇಕರಲ್ಲಿ ಅದರ ಮೊದಲ ಸೂಚನೆ ಕಾಣುವುದು ಕಣ್ಣಿನಲ್ಲಿ. ಹಾಗೆಂದು ದೃಷ್ಟಿನರದ ಉರಿಯೂತ ಬಂದವರಿಗೆಲ್ಲ ಆ ಕಾಯಿಲೆ ಬರುವುದಿಲ್ಲ. ಅಮೆರಿಕದಲ್ಲಿ ಇಂಥ ರೋಗಿಗಳನ್ನು 15 ವರ್ಷ ಗಮನಿಸಿದಾಗ ಅರ್ಧದಷ್ಟು ಜನರಿಗೆ ಮಾತ್ರ ಅದು ಬಂದಿತ್ತು. ಮೊದಲ ಎಂ.ಆರ್.ಐ. ಚಿತ್ರದಲ್ಲಿ ಮೆದುಳು ಶುಭ್ರವಾಗಿದ್ದವರಲ್ಲಿ ಈ ಪ್ರಮಾಣ ಶೇ 25; ಒಂದಾದರೂ ಕಲೆ ಇದ್ದವರಲ್ಲಿ ಶೇ 72.

ನಮ್ಮ ದೇಶದಲ್ಲಿ ಇನ್ನೆರಡು ಕಾಯಿಲೆಗಳನ್ನೂ ನೆನಪಿಡಬೇಕು. ಒಂದು 'ನ್ಯೂರೋಮಯಲೈಟಿಸ್ ಆಪ್ಟಿಕಾ'. ಇದು ಎರಡೂ ಕಣ್ಣನ್ನು ಹಿಡಿಯಬಹುದು, ಕಾಲಿನ ಬಲವನ್ನೂ ಕಸಿಯಬಹುದು. ಇದನ್ನು ಗುರುತಿಸುವ ರಕ್ತದ ಪ್ರತಿಕಾಯ ಪತ್ತೆಯಾದದ್ದು 2004ರಲ್ಲಿ. ಇನ್ನೊಂದು 'ಮಾಗ್' ಎಂಬ ಪ್ರತಿಕಾಯದಿಂದ ಬರುವಂಥದ್ದು. ಇದು ಮಕ್ಕಳಲ್ಲೂ ಕಾಣುತ್ತದೆ. ಮಂಗಳೂರಿನ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯಲ್ಲಿ ಡಾ. ಲೇಖಾ ಪಂಡಿತ್ ಮತ್ತು ಸಂಗಡಿಗರು ಇಂಥ ರೋಗಿಗಳ ದಾಖಲೆ ಇಟ್ಟು, ಈ ಪ್ರತಿಕಾಯಗಳ ಪರೀಕ್ಷೆಗಳ ಮೇಲೆ ವರ್ಷಗಳಿಂದ ಕೆಲಸ ಮಾಡಿದ್ದಾರೆ. ಯಾವ ಬಗೆಯ ಕಾಯಿಲೆ ಎಂದು ಗೊತ್ತಾಗದೆ ಚಿಕಿತ್ಸೆಯ ದಾರಿ ನಿರ್ಧರಿಸಲಾಗದು.

ನರದ ವೇಗ ಅಳೆಯುವ ಬಗೆ

ರೋಗಿಯನ್ನು ಟಿ.ವಿ.ಯಂಥ ಪರದೆಯ ಮುಂದೆ ಕೂರಿಸುತ್ತಾರೆ. ಅದರಲ್ಲಿ ಚದುರಂಗದ ಹಲಗೆಯಂಥ ಕಪ್ಪು ಬಿಳುಪು ಚೌಕಗಳು ಅದಲು ಬದಲಾಗುತ್ತಿರುತ್ತವೆ. ತಲೆಯ ಹಿಂಭಾಗಕ್ಕೆ ಅಂಟಿಸಿದ ತಂತಿಗಳು ಮೆದುಳು ಆ ಚಿತ್ರವನ್ನು 'ಕಂಡ' ಕ್ಷಣವನ್ನು ದಾಖಲಿಸುತ್ತವೆ. ಚುಚ್ಚುವುದಿಲ್ಲ, ನೋವಿಲ್ಲ. ಆರೋಗ್ಯವಂತರಲ್ಲಿ ಇದಕ್ಕೆ ಸುಮಾರು 100 ಮಿಲಿಸೆಕೆಂಡ್, ಎಂದರೆ ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಕವಚ ಕಳಚಿದ ನರದಲ್ಲಿ ಸಂದೇಶ ತಡವಾಗಿ ತಲುಪುತ್ತದೆ. 1972ರಲ್ಲಿ ಲಂಡನ್ನಿನ ಹ್ಯಾಲಿಡೇ, ಮೆಕ್‌ಡೊನಾಲ್ಡ್ ಮತ್ತು ಮುಶಿನ್ ಇದನ್ನು ತೋರಿಸಿಕೊಟ್ಟರು. ದೃಷ್ಟಿ ಮರಳಿದ ಮೇಲೂ ಈ ವಿಳಂಬ ಬಹುಮಂದಿಯಲ್ಲಿ ಉಳಿದಿರುತ್ತದೆ.

ಬಿಸಿನೀರಿನ ಸ್ನಾನ ಮಾಡಿದಾಗ, ಬಿಸಿಲಲ್ಲಿ ನಡೆದಾಗ ಕೆಲವರಿಗೆ ಕಣ್ಣು ಮತ್ತೆ ಮಂಜಾಗುವುದಕ್ಕೂ ಈ ಅರೆಗವಚವೇ ಕಾರಣ. ಜರ್ಮನಿಯ ಕಣ್ಣಿನ ವೈದ್ಯ ಊಟಾಫ್ 1890ರಲ್ಲೇ ಇದನ್ನು ವರ್ಣಿಸಿದ್ದ. ಮೈ ತಣ್ಣಗಾದರೆ ದೃಷ್ಟಿ ಮೊದಲಿನಂತಾಗುತ್ತದೆ, ಗಾಬರಿ ಬೇಡ.

ಸ್ಟೀರಾಯ್ಡ್ ಮಾಡುವುದೇನು?

ಸ್ಟೀರಾಯ್ಡ್ ಉರಿಯೂತವನ್ನು ಆರಿಸುತ್ತದೆಯೇ ಹೊರತು ಕವಚವನ್ನು ಕಟ್ಟುವುದಿಲ್ಲ. ಅಮೆರಿಕದ 15 ಕೇಂದ್ರಗಳಲ್ಲಿ 457 ರೋಗಿಗಳ ಮೇಲೆ ನಡೆದು 1992ರಲ್ಲಿ ಪ್ರಕಟವಾದ ಅಧ್ಯಯನ ಎರಡು ಪಾಠ ಕಲಿಸಿತು. ರಕ್ತನಾಳದ ಮೂಲಕ ಮೂರು ದಿನ ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ಕೊಟ್ಟರೆ ದೃಷ್ಟಿ ಬೇಗ ಮರಳುತ್ತದೆ. ಆದರೆ ತಿಂಗಳುಗಳು ಕಳೆದ ಮೇಲೆ ಕೊಟ್ಟವರಿಗೂ ಕೊಡದವರಿಗೂ ಹೆಚ್ಚು ಅಂತರವಿರಲಿಲ್ಲ. ಸಾಮಾನ್ಯ ಪ್ರಮಾಣದ ಸ್ಟೀರಾಯ್ಡ್ ಮಾತ್ರೆಗಳನ್ನಷ್ಟೇ ನುಂಗಿದವರಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚಾಯಿತು. ಆದ್ದರಿಂದ ಔಷಧಿ ಅಂಗಡಿಯಲ್ಲಿ ಕೇಳಿ ಸ್ಟೀರಾಯ್ಡ್ ನುಂಗಬೇಡಿ. 'ತಾನಾಗಿಯೇ ಸರಿಹೋಗುತ್ತದೆ' ಎಂದು ಮನೆಯಲ್ಲಿ ಕುಳಿತುಕೊಳ್ಳಲೂಬೇಡಿ. ನ್ಯೂರೋಮಯಲೈಟಿಸ್ ಆಪ್ಟಿಕಾ ಆಗಿದ್ದರೆ ಪ್ರತಿಯೊಂದು ದಿನದ ವಿಳಂಬಕ್ಕೂ ದೃಷ್ಟಿಯಲ್ಲೇ ಬೆಲೆ ತೆರಬೇಕಾಗುತ್ತದೆ.

ಬೆಕ್ಕುಗಳು ಕಲಿಸಿದ ಪಾಠ

ದೇಹಕ್ಕೆ ಕವಚವನ್ನು ಮತ್ತೆ ಕಟ್ಟುವ ಶಕ್ತಿ ಸ್ವಲ್ಪಮಟ್ಟಿಗೆ ಇದ್ದೇ ಇದೆ. ಮೆದುಳಿನಲ್ಲೂ ದೃಷ್ಟಿನರದಲ್ಲೂ ಮಯಲಿನ್ ತಯಾರಿಸುವ ಜೀವಕೋಶಗಳ 'ಎಳೆಯ' ರೂಪಗಳು ಜೀವನಪರ್ಯಂತ ಇರುತ್ತವೆ. ಹಾನಿಯಾದ ಜಾಗಕ್ಕೆ ಅವು ಬರುತ್ತವೆ. ಆದರೆ ಅನೇಕ ವೇಳೆ ಅಲ್ಲಿ ಬಲಿಯದೆ, ಕೆಲಸ ಶುರುಮಾಡದೆ ಸುಮ್ಮನೆ ಉಳಿದುಬಿಡುತ್ತವೆ. ವಯಸ್ಸಾದಂತೆ ಈ ಆಲಸ್ಯ ಹೆಚ್ಚು.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಇಯಾನ್ ಡಂಕನ್ ಅವರ ತಂಡ 2009ರಲ್ಲಿ ಒಂದು ಕುತೂಹಲದ ಸಂಗತಿ ಪ್ರಕಟಿಸಿತು. ವಿಕಿರಣಕ್ಕೆ ಒಡ್ಡಿದ ಆಹಾರವನ್ನು ತಿಂಗಳುಗಟ್ಟಲೆ ತಿಂದ ಬೆಕ್ಕುಗಳು ನಡೆಯಲಾರದೆ, ನೋಡಲಾರದೆ ಬಳಲಿದವು. ಅವುಗಳ ನರತಂತುಗಳು ಉಳಿದಿದ್ದವು, ಮಯಲಿನ್ ಮಾತ್ರ ಹೋಗಿತ್ತು. ಮಾಮೂಲಿ ಆಹಾರಕ್ಕೆ ಮರಳಿದಾಗ ಬೆಕ್ಕುಗಳು ನಿಧಾನವಾಗಿ ಚೇತರಿಸಿಕೊಂಡವು. ಹೊಸ ಕವಚ ಹಳೆಯದಕ್ಕಿಂತ ತೆಳುವಾಗಿದ್ದರೂ ಕೆಲಸಕ್ಕೆ ಸಾಕಾಗಿತ್ತು. ತಂತು ಬದುಕಿರುವವರೆಗೆ ರಿಪೇರಿ ಸಾಧ್ಯ ಎಂಬ ಭರವಸೆಗೆ ಇದು ಆಧಾರ.

ಪ್ರಯೋಗದಲ್ಲಿರುವ ಔಷಧಗಳು

ಕ್ಲೆಮಾಸ್ಟಿನ್: ಇದು ತುಂಬ ಹಳೆಯ ಅಲರ್ಜಿ ಮಾತ್ರೆ. ಪ್ರಯೋಗಾಲಯದಲ್ಲಿ ಎಳೆಯ ಜೀವಕೋಶಗಳನ್ನು ಬಲಿಯುವಂತೆ ಮಾಡುವುದು ಕಂಡುಬಂತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅರಿ ಗ್ರೀನ್ ಮತ್ತು ತಂಡ ದೃಷ್ಟಿನರಕ್ಕೆ ಹಳೆಯ ಹಾನಿಯಿದ್ದ 50 ಮಲ್ಟಿಪಲ್ ಸ್ಕ್ಲಿರೋಸಿಸ್ ರೋಗಿಗಳಿಗೆ ಇದನ್ನು ಕೊಟ್ಟು 2017ರಲ್ಲಿ ಫಲಿತಾಂಶ ಪ್ರಕಟಿಸಿತು. ಸಂದೇಶದ ವಿಳಂಬ ಸರಾಸರಿ 1.7 ಮಿಲಿಸೆಕೆಂಡ್ ಕಡಿಮೆಯಾಯಿತು. ಹಳೆಯ ಹಾನಿಯನ್ನೂ ಔಷಧದಿಂದ ತುಸುವಾದರೂ ಸರಿಪಡಿಸಬಹುದು ಎಂದು ಮನುಷ್ಯರಲ್ಲಿ ತೋರಿದ್ದು ದೊಡ್ಡ ಸಂಗತಿಯೇ. ಆದರೆ ಅಕ್ಷರ ಓದುವ ಪರೀಕ್ಷೆಯಲ್ಲಿ ಖಚಿತವೆನ್ನುವಂಥ ಸುಧಾರಣೆ ಕಾಣಲಿಲ್ಲ, ಆಯಾಸ ಹೆಚ್ಚಿತು. ಕೊಟ್ಟ ಪ್ರಮಾಣವೂ ಅಲರ್ಜಿಗೆ ಕೊಡುವುದಕ್ಕಿಂತ ಜಾಸ್ತಿ. ಮುಂದೆ 2024ರಲ್ಲಿ ಪ್ರಕಟವಾದ ಇನ್ನೊಂದು ಸಣ್ಣ ಪ್ರಯೋಗದಲ್ಲಿ, ಕಾಯಿಲೆ ಸತತವಾಗಿ ಉಲ್ಬಣಿಸುತ್ತಿದ್ದ 9 ರೋಗಿಗಳಲ್ಲಿ ಮೂವರ ಅಶಕ್ತತೆ ಈ ಮಾತ್ರೆಯಿಂದ ವೇಗವಾಗಿ ಹೆಚ್ಚಿದ್ದರಿಂದ ಅದನ್ನು ನಿಲ್ಲಿಸಬೇಕಾಯಿತು.

ಒಪಿಸಿನುಮ್ಯಾಬ್: ಕವಚ ಕಟ್ಟುವ ಕೆಲಸಕ್ಕೆ ತಡೆಹಾಕುವ ಒಂದು ಪ್ರೋಟೀನನ್ನು ಹಿಡಿದಿಡುವ ಔಷಧಿ ಇದು. ಮೊದಲ ಸಲ ದೃಷ್ಟಿನರದ ಉರಿಯೂತ ಬಂದ 82 ಜನರ ಮೇಲಿನ ಅಧ್ಯಯನದಲ್ಲಿ ಆಸೆಯ ಸುಳಿವು ಸಿಕ್ಕಿತಾದರೂ ಮುಖ್ಯ ಗುರಿ ಈಡೇರಲಿಲ್ಲ. ದೊಡ್ಡ ಪ್ರಯೋಗವೂ ವಿಫಲವಾಗಿ 2020ರಲ್ಲಿ ಕೈಬಿಡಲಾಯಿತು.

ಬೆಕ್ಸಾರೊಟಿನ್: ಚರ್ಮದ ಒಂದು ಬಗೆಯ ಕ್ಯಾನ್ಸರಿಗೆ ಬಳಸುವ ಔಷಧಿ. ಬ್ರಿಟನ್ನಿನ ಕೇಂಬ್ರಿಜ್ ಮತ್ತು ಎಡಿನ್‌ಬರೋಗಳಲ್ಲಿ ನಡೆದು 2021ರಲ್ಲಿ ವರದಿಯಾದ ಪ್ರಯೋಗದಲ್ಲಿ ನರದ ವಿಳಂಬ ಕಡಿಮೆಯಾಯಿತು. ಆದರೆ ಔಷಧಿ ತೆಗೆದುಕೊಂಡ 26 ಮಂದಿಗೂ ಥೈರಾಯ್ಡ್ ಕುಗ್ಗಿತು, ಬಹುತೇಕರಿಗೆ ರಕ್ತದ ಕೊಬ್ಬು ಏರಿತು. ಇದು ಬಳಕೆಗೆ ತಕ್ಕದ್ದಲ್ಲವೆಂದು ಸಂಶೋಧಕರೇ ಹೇಳಿದರು.

ಮೆಟ್‌ಫಾರ್ಮಿನ್: ನಿಮಗೆ ಚಿರಪರಿಚಿತವಾದ ಸಕ್ಕರೆ ಕಾಯಿಲೆಯ ಮಾತ್ರೆ. ಮುದಿ ಇಲಿಗಳಲ್ಲಿ ಇದು ಕವಚ ಕಟ್ಟುವ ಜೀವಕೋಶಗಳ ಆಲಸ್ಯ ಬಿಡಿಸುತ್ತದೆ ಎಂದು 2019ರಲ್ಲಿ ತಿಳಿದುಬಂತು. ಕೇಂಬ್ರಿಜ್‌ನಲ್ಲಿ 70 ರೋಗಿಗಳ ಮೇಲೆ ಇದನ್ನು ಕ್ಲೆಮಾಸ್ಟಿನ್ ಜೊತೆ ಆರು ತಿಂಗಳು ಪರೀಕ್ಷಿಸಲಾಯಿತು. 2025ರಲ್ಲಿ ಮಂಡಿಸಿದ ಫಲಿತಾಂಶದಂತೆ, ಔಷಧಿ ಪಡೆದವರ ನರದ ವೇಗ ಕಾಯ್ದುಕೊಂಡಿತು, ಹುಸಿಮಾತ್ರೆ ಪಡೆದವರದು ತುಸು ಕುಗ್ಗಿತು. ಆದರೆ ರೋಗಿಗಳ ದಿನನಿತ್ಯದ ಬದುಕಿನಲ್ಲಿ ಗೊತ್ತಾಗುವಂಥ ಬದಲಾವಣೆ ಕಂಡಿಲ್ಲ.

ತಂತುವನ್ನೇ ಉಳಿಸುವ ಯತ್ನಗಳೂ ನಡೆದಿವೆ. ಅಪಸ್ಮಾರದ ಹಳೆಯ ಮಾತ್ರೆ ಫೆನಿಟೋಯಿನ್ ಬೇಗನೆ ಕೊಟ್ಟರೆ ಕಣ್ಣಿನ ನರಪದರ ಸವೆಯುವುದು ಶೇ 30ರಷ್ಟು ಕಡಿಮೆಯಾಗುತ್ತದೆಂದು 86 ರೋಗಿಗಳ ಅಧ್ಯಯನ 2016ರಲ್ಲಿ ಹೇಳಿತು. ದೃಷ್ಟಿಯಲ್ಲಿ ಮಾತ್ರ ವ್ಯತ್ಯಾಸ ಸಿಗಲಿಲ್ಲ. ಎರಿತ್ರೋಪೊಯಿಟಿನ್ ಚುಚ್ಚುಮದ್ದು 2021ರ ಅಧ್ಯಯನದಲ್ಲಿ ನಿಷ್ಪ್ರಯೋಜಕವೆನಿಸಿತು.

ಹಾಗಾದರೆ ಮಾತ್ರೆ ಬೇಕೆ?

ಈಗಲೇ ಬೇಡ. ಒಂದೆರಡು ಮಿಲಿಸೆಕೆಂಡ್ ಉಳಿತಾಯ ವಿಜ್ಞಾನಿಗೆ ದಾರಿದೀಪ. ರೋಗಿಗೆ ಇನ್ನೂ ದೃಷ್ಟಿಯಲ್ಲ. ಕವಚ ಕಟ್ಟುವ ಯಾವ ಔಷಧಿಯೂ ಮಾಮೂಲಿ ಚಿಕಿತ್ಸೆಯಾಗಿ ಒಪ್ಪಿಗೆ ಪಡೆದಿಲ್ಲ. ಕ್ಲೆಮಾಸ್ಟಿನ್, ಮೆಟ್‌ಫಾರ್ಮಿನ್ ಅಗ್ಗದ ಮಾತ್ರೆಗಳೆಂದು ತಾವಾಗಿಯೇ ನುಂಗುವುದು ಅಪಾಯ. ಮೊದಲನೆಯದು ತೂಕಡಿಕೆ ತರುತ್ತದೆ, ಪ್ರಾಸ್ಟೇಟ್ ತೊಂದರೆಯಿರುವ ಹಿರಿಯರಲ್ಲಿ ಮೂತ್ರ ಕಟ್ಟಿಸಬಹುದು. ಎರಡನೆಯದು ಮೂತ್ರಪಿಂಡ ಸೋತವರಿಗೆ ಒಗ್ಗದು. ಕವಚವನ್ನು ಮತ್ತೆ ಕಟ್ಟುವ ಮಾತು ಬರುವುದು ಅದನ್ನು ಕೀಳುತ್ತಿರುವ ಕಾಯಿಲೆ ಹಿಡಿತಕ್ಕೆ ಬಂದ ಮೇಲೆ. ಆ ಹಿಡಿತಕ್ಕೆ ಬೇಕಾದ ಒಳ್ಳೆಯ ಔಷಧಗಳು ಈಗಾಗಲೇ ಇವೆ. ನಿಮ್ಮ ನರರೋಗ ತಜ್ಞರು ಬರೆದುಕೊಟ್ಟದ್ದನ್ನು ಮಧ್ಯದಲ್ಲಿ ಬಿಡದಿರುವುದೇ ಇಂದು ನರಕ್ಕೆ ಸಿಗುವ ದೊಡ್ಡ ರಕ್ಷಣೆ.

ನೆನಪಿಡಿ

* ವಾರಕ್ಕೊಮ್ಮೆ ಒಂದೊಂದೇ ಕಣ್ಣು ಮುಚ್ಚಿ ಕ್ಯಾಲೆಂಡರಿನ ಕೆಂಪು ಅಂಕಿಗಳನ್ನು ನೋಡಿ. ಎರಡೂ ಕಣ್ಣಿಗೆ ಕೆಂಪು ಒಂದೇ ತೆರನಾಗಿ ಕಾಣಬೇಕು.

* ಒಂದು ಕಣ್ಣು ದಿನಗಳಲ್ಲೇ ಮಂಜಾದರೆ, ಹೊರಳಿಸಿದಾಗ ನೋವಿದ್ದರೆ, ಅಂದೇ ಕಣ್ಣಿನ ವೈದ್ಯರನ್ನು ಕಾಣಿ. ಎರಡೂ ಕಣ್ಣು ಮಂಜಾದರೆ, ಕಾಲು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಿ.

* ಕ್ಷಯಕ್ಕೆ ಎಥಾಂಬ್ಯುಟಾಲ್ ಮಾತ್ರೆ ನುಂಗುತ್ತಿರುವವರಿಗೆ ನೋವಿಲ್ಲದೆ ಎರಡೂ ಕಣ್ಣು ಮಂಜಾದರೆ, ಬಣ್ಣ ಗುರುತಿಸಲಾಗದಿದ್ದರೆ, ಆ ದಿನವೇ ವೈದ್ಯರಿಗೆ ತಿಳಿಸಿ. ಬಿ-12 ಕೊರತೆ, ಕಳ್ಳಭಟ್ಟಿಯ ಮಿಥೈಲ್ ಆಲ್ಕೊಹಾಲ್ ಕೂಡ ದೃಷ್ಟಿನರವನ್ನು ಕೆಡಿಸಬಲ್ಲವು.

* ಬೀಡಿ, ಸಿಗರೇಟು ಬಿಡಿ. ಧೂಮಪಾನ ಮಲ್ಟಿಪಲ್ ಸ್ಕ್ಲಿರೋಸಿಸ್ಸನ್ನು ಉಲ್ಬಣಗೊಳಿಸುತ್ತದೆ.

* ಯಾರಾದರೂ ಔಷಧ ಪ್ರಯೋಗಕ್ಕೆ ಸೇರಲು ಕರೆದರೆ ಅದು ಸರ್ಕಾರದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಾಯಿತವಾಗಿದೆಯೇ ಎಂದು ಕೇಳಿ. ಪ್ರಯೋಗದ ಹೆಸರಿನಲ್ಲಿ ನಿಮ್ಮಿಂದ ಲಕ್ಷಗಟ್ಟಲೆ ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.